ಚಿಮಣಿಯ ಏದುಸಿರು

ಆ ಮನೆಯವರು ರಜಾಯಿ ಹೊಲಿಯುವವರು. ಎರಡು ಪದರ ಬಟ್ಟೆಯ ನಡುವೆ ಉಣ್ಣೆ ತುಂಬಿ, ಎಲ್ಲಿಯೂ ಗಾಳಿ ನುಸುಳದಂತೆ ಹೊಲಿಗೆ ಹಾಕುವುದು ಅವರ ಕಸುಬು. ಕಸುಬು ಕೈಯಲ್ಲಿ ಕೂತ ಮೇಲೆ ಕೈ ಸುಮ್ಮನಿರುತ್ತದೆಯೆ? ಸಂದು ಕಂಡರೆ ಸಾಕು, ಆ ಮನೆಯ ಹೆಂಗಸರ ಬೆರಳು ತುರಿಸುತ್ತಿತ್ತು. ಕಿಟಕಿ ಚೌಕಟ್ಟಿನ ಬಿರುಕಿಗೆ ಉಣ್ಣೆ, ಬಾಗಿಲ ಕೆಳಗಿನ ಸಂದಿಗೆ ಉಣ್ಣೆಯ ಸುರುಳಿ, ಬೀಗದ ತೂತಿಗೂ ಒಂದು ಚಿಟಿಕೆ. ಚಳಿಗಾಲ ಬಂತೆಂದರೆ ಆ ಮನೆಯೇ ಒಂದು ದೊಡ್ಡ ರಜಾಯಿಯಾಗಿಬಿಡುತ್ತಿತ್ತು.

ಸೊಸೆ ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ನೋಡಿ ನಕ್ಕಿದ್ದಳು. "ಅತ್ತೆ, ನನ್ನ ಕಿವಿಗೂ ಒಂದಿಷ್ಟು ತುರುಕಿಬಿಡಿ, ನಿಮ್ಮ ಬೈಗುಳ ಒಳಗೆ ಹೋಗೋದು ತಪ್ಪತ್ತೆ" ಎಂದಿದ್ದಳು. ಅತ್ತೆ ಬಿಟ್ಟಾರೆಯೆ? "ನಿನ್ನ ಕಿವಿ ತುಂಬೋದಕ್ಕೆ ಒಂದು ಕುರಿಯ ಉಣ್ಣೆ ಸಾಲಲ್ಲ ಕಣೆ" ಎಂದಿದ್ದರು. ಅಂದಿನಿಂದ ಇಬ್ಬರಿಗೂ ಒಬ್ಬರಿಗೊಬ್ಬರು ಚುಚ್ಚದೆ ದಿನ ಕಳೆಯುತ್ತಿರಲಿಲ್ಲ, ಒಬ್ಬರನ್ನೊಬ್ಬರು ಬಿಟ್ಟು ಊಟವೂ ಇಳಿಯುತ್ತಿರಲಿಲ್ಲ. ಸೊಸೆಯ ಗಂಡ ಲಾರಿಯಲ್ಲಿ ಸರಕು ಹೇರಿಕೊಂಡು ಊರೂರು ತಿರುಗುವವನು. ಮನೆಯಲ್ಲಿ ಅವನಿದ್ದದ್ದಕ್ಕಿಂತ ಇಲ್ಲದಿದ್ದದ್ದೇ ಹೆಚ್ಚು.

ಹೊಲಿಗೆಯ ಕೋಣೆಯಲ್ಲಿ ಗೋಡೆಯೊಳಗೆ ಕೂರಿಸಿದ ಅಗ್ಗಿಷ್ಟಿಕೆಯಿತ್ತು. ಅದರ ಪಕ್ಕದ ಕುರ್ಚಿ ಮಾವನದು. ಮಾವನಿಗೆ ಜೀವಮಾನವೆಲ್ಲ ಉಣ್ಣೆಯ ಧೂಳು ಕುಡಿದು ಎದೆ ಕಟ್ಟಿತ್ತು. ಉಸಿರು ಎಳೆದರೆ ಗೊರ್ ಎನ್ನುವುದು, ಬಿಟ್ಟರೆ ಸೀಟಿ ಊದಿದಂತೆ ಸಣ್ಣಗೆ ಎಳೆಯುವುದು. ಸೌದೆಯ ಹೊಗೆ ಅವರಿಗೆ ಆಗದೆಂದು ಅಗ್ಗಿಷ್ಟಿಕೆಗೆ ಇದ್ದಿಲು ಹಾಕುವ ರೂಢಿ ಬಂದದ್ದು. ಚಳಿ ಇನ್ನೂ ಹೊಸ್ತಿಲಲ್ಲಿದ್ದಾಗಲೇ ಮಾವ ತೀರಿಕೊಂಡರು. ರೂಢಿ ಹಾಗೆಯೇ ಉಳಿಯಿತು.

ಉಳಿದದ್ದು ಅದೊಂದೇ ಅಲ್ಲ. ಗಾಳಿ ಬೀಸಿದಾಗಲೆಲ್ಲ ಚಿಮಣಿಯೊಳಗೆ ಗೊರ್ ಎಂದು ಸದ್ದಾಗಿ, ಆಮೇಲೆ ಸೀಟಿಯಂತೆ ಸಣ್ಣಗೆ ಎಳೆಯುತ್ತಿತ್ತು. ಹಿಂದೆಯೂ ಹಾಗೇ ಕೂಗುತ್ತಿತ್ತೋ ಏನೋ, ಮಾವನ ಉಸಿರಿನ ಗದ್ದಲದಲ್ಲಿ ಯಾರಿಗೂ ಕೇಳಿಸಿರಲಿಲ್ಲ. ಈಗ ಕೇಳಿಸಿತು. ಅತ್ತೆ ಸೂಜಿ ಕೆಳಗಿಟ್ಟು ಎರಡೂ ಕಿವಿ ಮುಚ್ಚಿಕೊಂಡು ಕೂರುತ್ತಿದ್ದರು. ಒಂದು ದಿನ ಆ ಸದ್ದು ನಿಂತುಹೋಯಿತು. ಗಾಳಿ ದಿಕ್ಕು ಬದಲಿಸಿರಬೇಕೆಂದು ಸೊಸೆ ಅಂದುಕೊಂಡಳು.

ಅದಾದ ಮೇಲೆ ಅತ್ತೆಯ ಮುಖದಲ್ಲಿ ಕಳೆ ಬಂತು. ಸಂಜೆ ಇದ್ದಿಲು ಕೆಂಪಗಾಗುವ ಹೊತ್ತಿಗೆ ತಲೆ ಬಾಚಿಕೊಂಡು, ಶುಭ್ರವಾದ ಸೀರೆಯುಟ್ಟು ಕೂರತೊಡಗಿದರು.

"ಏನತ್ತೆ, ಯಾರಾದ್ರೂ ಬರೋರಿದ್ದಾರಾ?"

"ಬಂದೂ ಆಯ್ತು, ಹೋಗೂ ಆಯ್ತು. ನೀನು ಅಂಗಡಿಯಿಂದ ಬರೋದೇ ತಡ, ಎದ್ದು ಹೋಗ್ತಾರೆ ನಿಮ್ಮ ಮಾವ. ನಿನ್ನ ಬಾಯಿಗೆ ಹೆದರ್ತಾರೆ ಅಂತ ಕಾಣತ್ತೆ."

ಸೊಸೆ ನಗಲು ಹೋದಳು, ನಗು ಬರಲಿಲ್ಲ. ಅತ್ತೆ ತಮಾಷೆ ಮಾಡುವಾಗ ಎಡಗಣ್ಣು ಕಿರಿದು ಮಾಡುವವರು. ಈಗ ಎರಡೂ ಕಣ್ಣು ಸಮನಾಗಿದ್ದವು. ಕೋಣೆಯಲ್ಲಿ ಸಣ್ಣಗೆ ಕೂದಲು ಸುಟ್ಟಂಥ ವಾಸನೆಯಿತ್ತು. ಇಸ್ತ್ರಿಪೆಟ್ಟಿಗೆ ಎಲ್ಲಾದರೂ ತಗುಲಿತೇನೋ ಎಂದು ಹುಡುಕಿದಳು. ಇಸ್ತ್ರಿಪೆಟ್ಟಿಗೆ ತಣ್ಣಗಿತ್ತು.

ಸೊಸೆಯ ಮಗಳು ಇನ್ನೂ ಶಾಲೆ ಕಾಣದವಳು. ಹುಟ್ಟಿದಾಗ ಉಣ್ಣೆಯ ಉಂಡೆಯಂತೆ ಇದ್ದಳೆಂದು ಎಲ್ಲರ ಬಾಯಲ್ಲೂ 'ಉಂಡೆ'ಯೇ. ಸೊಸೆ ಅಂಗಡಿಗಳಿಗೆ ರಜಾಯಿ ಒಪ್ಪಿಸಲು ಹೋದಾಗ ಅವಳು ಅಜ್ಜಿಯ ಜೊತೆ ಅದೇ ಕೋಣೆಯಲ್ಲಿ ಬಟ್ಟೆಚೂರುಗಳೊಂದಿಗೆ ಆಡಿಕೊಂಡಿರುತ್ತಿದ್ದಳು. ಒಂದು ದಿನ ತಲೆ ಬಾಚಿಸಿಕೊಳ್ಳುತ್ತ ತಾನಾಗಿಯೇ ಹೇಳಿದಳು:

"ಅಮ್ಮಾ, ತಾತಂಗೆ ಈಗ ಕೆಮ್ಮೇ ಇಲ್ಲ. ಗೊರಗೊರ ಅನ್ನೋದೂ ಇಲ್ಲ."

ಬಾಚಣಿಗೆ ಅಲ್ಲೇ ನಿಂತಿತು. "ತಾತ ಏನಂತಾರೆ ಕಂದಾ?"

"ಮಲಕ್ಕೋ ಅಂತಾರೆ. ದಿನಾ ಅದೇ. ಮಲಕ್ಕೋ, ಮಲಕ್ಕೋ."

ಮಾವ ಬದುಕಿದ್ದಾಗ ಆ ಮಾತು ಅವರ ಬಾಯಿಂದ ಒಂದು ದಿನವೂ ಬಂದದ್ದಲ್ಲ. ತಮಗೆ ನಿದ್ದೆ ಬಾರದ ಮನುಷ್ಯ, ಮೊಮ್ಮಗಳನ್ನೂ ಎಬ್ಬಿಸಿ ಕೂರಿಸಿಕೊಂಡು ಕತೆ ಹೇಳುತ್ತಿದ್ದವರು.

ಮರುದಿನ ಸೊಸೆ ಎಲ್ಲಿಗೂ ಹೋಗದೆ ಕೋಣೆಯಲ್ಲೇ ಹೊಲಿಯಲು ಕೂತಳು. ಹೊರಗೆ ಬೆಳಕು ಕಂದುತ್ತಿತ್ತು, ಒಳಗೆ ಇದ್ದಿಲು ಕೆಂಪಗೆ ಉರಿಯುತ್ತಿತ್ತು, ಹೊಗೆಯ ಸುಳಿವಿಲ್ಲ. ಕೂತ ಸ್ವಲ್ಪ ಹೊತ್ತಿಗೆ ಹಣೆಗೆ ಪಟ್ಟಿ ಬಿಗಿದಂತಾಯಿತು. ಸೂಜಿಗೆ ಎರಡು ಕಣ್ಣು ಕಂಡವು. ಹೊಲಿಗೆ ಗೆರೆ ಬಿಟ್ಟು ಎತ್ತಲೋ ಹೊರಟಿತು. ಸರಿಪಡಿಸಬೇಕೆಂದು ತಲೆ ಎತ್ತಿದಾಗ ಮಾವನ ಕುರ್ಚಿಯ ದಿಂಬು, ಯಾರೋ ಕೂತಿದ್ದಾರೆಂಬಂತೆ, ಮೆಲ್ಲಗೆ ತಗ್ಗಿತು. ಕುರ್ಚಿಯ ಕೆಳಗೆ ಎರಡು ಪಾದ. ಆಮೇಲೆ ಮೊಣಕಾಲು. ಅದರ ಮೇಲೆ ಮಡಿಚಿಟ್ಟ ಕೈ. ಅತ್ತೆ ಆ ಕಡೆ ನೋಡಿ ಹೊಸ ಮದುಮಗಳಂತೆ ನಗುತ್ತಿದ್ದರು. ಉಂಡೆ ಚಾಪೆಯ ಮೇಲೆ ಕೆನ್ನೆ ಕೆಂಪಗೆ ಮಾಡಿಕೊಂಡು ನಿದ್ದೆ ಹೋಗಿದ್ದಳು.

ಸೊಸೆ ಹೇಗೆ ಎದ್ದಳೋ ಗೊತ್ತಿಲ್ಲ. ಕಿಟಕಿಯ ಬಿರುಕಿನ ಉಣ್ಣೆಯನ್ನು ಉಗುರಿನಿಂದ ಕಿತ್ತು, ಕದವನ್ನು ದಬ್ಬಿ ತೆರೆದಳು. ಚಳಿಗಾಳಿ ಕೆನ್ನೆಗೆ ಬಾರಿಸಿತು. ತಿರುಗಿ ನೋಡಿದರೆ ಕುರ್ಚಿ ಖಾಲಿ, ದಿಂಬು ಉಬ್ಬಿಕೊಂಡಿತ್ತು.

"ಓಡಿಸಿಬಿಟ್ಟೆಯಲ್ಲೇ!" ಅತ್ತೆ ಚೀರಿದರು. "ಬದುಕಿದ್ದಾಗ ಒಂದು ಗಳಿಗೆ ನೆಮ್ಮದಿಯಾಗಿ ಉಸಿರಾಡದ ಮನುಷ್ಯ ಈಗ ಸುಖವಾಗಿ ಬಂದು ಕೂತ್ರೆ ನಿನಗ್ಯಾಕೆ ಹೊಟ್ಟೆಯುರಿ?"

"ಅತ್ತೆ, ನನಗೆ ಈ ಕೋಣೆಯಲ್ಲಿ ಮಾತ್ರ ತಲೆ ಸಿಡಿಯತ್ತೆ. ಬೀದಿಗೆ ಇಳಿದ್ರೆ ಹೋಗಿಬಿಡತ್ತೆ. ಮಗು ಬೆಳಿಗ್ಗೆ ಹಾಲು ವಾಂತಿ ಮಾಡ್ಕೊಂಡ್ಲು. ಈ ಬೆಂಕೀಲಿ ಏನೋ ಐಬಿದೆ."

"ಐಬು ಇರೋದು ಬೆಂಕೀಲಲ್ಲ, ನಿನ್ನಲ್ಲಿ."

ಸೊಸೆ ಅಂದೇ ಹೋಗಿ ಚಿಮಣಿ ಗುಡಿಸುವವನನ್ನು ಕಂಡಳು. ಚಳಿಗಾಲದಲ್ಲಿ ಅವನಿಗೆ ಪುರುಸೊತ್ತೆಲ್ಲಿ? ನಾಳೆ ಸಂಜೆ ಬರುವೆನೆಂದ. ತಾನು ಬರುವ ತನಕ ಒಂದು ಚೂರು ಇದ್ದಿಲಿಗೂ ಕಡ್ಡಿ ಗೀರಬೇಡಿ ಎಂದು ಎರಡು ಸಲ ಹೇಳಿದ. ಸೊಸೆ ಮನೆಗೆ ಬಂದು ಅತ್ತೆಯಿಂದ ಮಾತು ತೆಗೆದುಕೊಂಡಳು. ಅತ್ತೆ ಮುಖ ಗಂಟು ಹಾಕಿಕೊಂಡೇ "ಆಯ್ತು ಮಹಾತಾಯಿ" ಎಂದರು.

ಮರುದಿನ ಹೋಟೆಲಿನವರಿಗೆ ರಜಾಯಿ ಕೊಡಬೇಕಿತ್ತು. ಮಗಳನ್ನು ಜೊತೆಗೆ ಕರೆದೊಯ್ಯೋಣವೆಂದರೆ ಬೆನ್ನಿನ ಮೇಲೆ ಹೊರೆ, ಕೈಯಲ್ಲಿ ಹೊರೆ. ಅಗ್ಗಿಷ್ಟಿಕೆಯ ಬೂದಿ ಮುಟ್ಟಿ ನೋಡಿದಳು, ತಣ್ಣಗಿತ್ತು. ಬೇಗ ಬಂದುಬಿಡುತ್ತೇನೆಂದು ಹೊರಟಳು.

ಹೋಟೆಲಿನವರು ಒಂದೊಂದೇ ರಜಾಯಿ ಬಿಡಿಸಿ, ಮೂಸಿ, ಹೊಲಿಗೆ ಎಣಿಸಿ ತಡ ಮಾಡಿದರು. ಅವಳು ತಮ್ಮ ಬೀದಿಯ ತಿರುವಿಗೆ ಬರುವಾಗ ಹೊತ್ತು ವಾಲಿತ್ತು. ಬೀದಿಯಲ್ಲಿ ಗಾಳಿಯೇ ಇರಲಿಲ್ಲ. ಎದುರು ಮನೆಯ ತಂತಿಯ ಮೇಲಿನ ಬಟ್ಟೆ ಅಲ್ಲಾಡದೆ ನೇತಾಡುತ್ತಿತ್ತು.

ಆಗ ಕೇಳಿಸಿತು. ಗೊರ್‌‌‌... ಆಮೇಲೆ ಸೀಟಿಯಂತೆ ಸಣ್ಣಗೆ. ಮತ್ತೆ ಗೊರ್‌.

ಅದು ಅವರ ಮನೆಯ ಚಾವಣಿಯ ಮೇಲಿಂದ ಬರುತ್ತಿತ್ತು. ಕೊನೆಯ ದಿನಗಳಲ್ಲಿ ಮಾವ ಏದುತ್ತಿದ್ದ ಹಾಗೆಯೇ, ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದಂತೆ. ಹಿಂದೆಲ್ಲ ಆ ಸದ್ದು ಜೋರಾದರೆ ಸೊಸೆ ಎಲ್ಲಿದ್ದರೂ ಬಿಟ್ಟುಬಂದು ಅವರ ಬೆನ್ನು ನೀವುತ್ತಿದ್ದಳು. ಕಾಲಿಗೆ ಆ ಅಭ್ಯಾಸ ಮರೆತಿರಲಿಲ್ಲ. ಖಾಲಿ ಚೀಲ ಬೀದಿಯಲ್ಲೇ ಬಿಸಾಡಿ ಓಡಿದಳು.

ಕೋಣೆಯ ಬಾಗಿಲು ದಬ್ಬಿದರೆ ಜಗ್ಗಲಿಲ್ಲ. ಕೆಳಗೆ ಉಣ್ಣೆಯ ಸುರುಳಿ ಬಿಗಿದಿತ್ತು. ಹೆಗಲು ಕೊಟ್ಟು ನೂಕಿದಳು. ಒಳಗೆ ಇದ್ದಿಲು ನಿಗಿನಿಗಿ ಎನ್ನುತ್ತಿತ್ತು. ಅತ್ತೆ ಗೋಡೆಗೆ ಒರಗಿ, ಬಾಯಿ ತೆರೆದು, ಕತ್ತು ವಾಲಿಸಿ ಕೂತಿದ್ದರು. ಉಂಡೆ ಕುರ್ಚಿಯ ಬುಡದಲ್ಲಿ ಮುದುಡಿ ಮಲಗಿದ್ದಳು. ಕುರ್ಚಿಯಲ್ಲಿ ಮಾವ ಇದ್ದರು. ಒಂದು ಕೈ ಮಗುವಿನ ತಲೆಯ ಮೇಲೆ. ಎದೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಸೊಸೆಯ ಕಡೆ ಮುಖ ತಿರುಗಿಸಿ, ನಯವಾಗಿ, ಒಂದಿಷ್ಟೂ ಏದುಸಿರಿಲ್ಲದೆ ಹೇಳಿದರು:

"ಮಲಕ್ಕೋ."

ಮೇಲೆ ಚಿಮಣಿಯಲ್ಲಿ ಗೊರ್ ಎಂದಿತು.

"ನೀವು ನಮ್ಮ ಮಾವ ಅಲ್ಲ" ಎಂದಳು ಸೊಸೆ. ಗಜಕೋಲು ಎತ್ತಿ ಕಿಟಕಿಯ ಗಾಜಿಗೆ ಬೀಸಿದಳು. ಮಗುವನ್ನು ಆ ಕೈಯ ಕೆಳಗಿನಿಂದ ಎಳೆದುಕೊಂಡು ಹೊರಗೆ ಮೆಟ್ಟಿಲ ಮೇಲೆ ಮಲಗಿಸಿದಳು. ಅತ್ತೆಯನ್ನು ಎತ್ತಲು ಆಗಲಿಲ್ಲ. ಅರೆಬರೆ ಹೊಲಿದ ರಜಾಯಿಯ ಮೇಲೆ ಉರುಳಿಸಿ, ಅದರ ಎರಡು ಮೂಲೆ ಹಿಡಿದು, ಮೂಟೆ ಎಳೆದಂತೆ ದರದರ ಎಳೆದಳು. ಹೊಸ್ತಿಲ ಮೇಲೆ ತಲೆ ತಾಗಿದಾಗ ಅತ್ತೆ "ಅಯ್ಯೋ ಕೊಂದ್ಲಪ್ಪಾ" ಎಂದು ನರಳಿದರು. ಸೊಸೆಗೆ ಅಷ್ಟು ಇಂಪಾದ ಮಾತು ಆ ಬಾಯಿಂದ ಎಂದೂ ಕೇಳಿಸಿರಲಿಲ್ಲ. ಉಂಡೆ ಮಾತ್ರ ಕಣ್ಣು ಬಿಡಲಿಲ್ಲ. ಕೆನ್ನೆ ತಟ್ಟಿದಳು, ಪಾದ ತಿಕ್ಕಿದಳು. ಅಕ್ಕಪಕ್ಕದವರು ಬಂದರು, ಗಾಡಿ ಬಂತು. ಆಸ್ಪತ್ರೆಯವರು ಮೂಗಿಗೆ ಶುದ್ಧ ಗಾಳಿಯ ಕೊಳವೆ ಇಟ್ಟ ಎಷ್ಟೋ ಹೊತ್ತಿನ ಮೇಲೆ ಉಂಡೆ ಕೆಮ್ಮಿ, ಕಿಟಾರನೆ ಅತ್ತಳು.

ಅತ್ತೆ ಮೊಮ್ಮಗಳೊಂದಿಗೆ ಮನೆಗೆ ಮರಳಿದ ಮೇಲೆ ಆ ಸಂಜೆ ಬೀಗ ಕಂಡು ಮರಳಿದ್ದ ಚಿಮಣಿಯವನು ಮತ್ತೆ ಬಂದ. ಅಗ್ಗಿಷ್ಟಿಕೆಯೊಳಗೆ ತಲೆ ತೂರಿಸಿ, ಕೊಕ್ಕೆ ಹಾಕಿ ಜಗ್ಗಿದ. ಮಸಿಯ ಜೊತೆಗೆ ಧೊಪ್ಪನೆ ಬಿದ್ದದ್ದು ಒಂದು ಅಂಗಿ. ಮಾವನ ಅಂಗಿ. ಕತ್ತು, ತೋಳು ಹೊಲಿದು, ಹೊಟ್ಟೆಯ ತುಂಬ ಉಣ್ಣೆ ತುರುಕಿತ್ತು. ಅಡಿಭಾಗ ಸೀದು ಕರಕಲಾಗಿತ್ತು. ಕೂದಲು ಸುಟ್ಟ ವಾಸನೆ ಕೋಣೆ ತುಂಬಿತು.

"ಯಾರ್ರೀ ಇದನ್ನ ತುರುಕಿದ್ದು?"

ಅತ್ತೆ ಸೆರಗಿನ ಅಂಚು ಹಿಂಡುತ್ತ ನಿಂತಿದ್ದರು. "ನಾನೇ. ಗಜಕೋಲಲ್ಲಿ ದಬ್ಬಿದೆ. ಅವರು ಅಲ್ಲಿ ಮೇಲೆ ಏದ್ತಾ ಇದ್ದಂಗೆ ಕೇಳ್ತಿತ್ತು. ಸಂದು ಮುಚ್ಚಿದ್ರೆ ಅವರಿಗೂ ನಿದ್ದೆ ಬರತ್ತೆ, ನನಗೂ ಬರತ್ತೆ ಅಂದ್ಕೊಂಡೆ. ಮೊನ್ನೆ ಕಡ್ಡಿ ಗೀರಿದ್ದೂ ನಾನೇ. ಇನ್ನೊಂದ್ಸಲ ನೋಡೋಣ ಅನ್ನಿಸ್ತು."

"ಇದ್ದಿಲಿಗೆ ಹೊಗೆ ಇಲ್ಲ ಅಂತ ವಿಷ ಇಲ್ಲ ಅಂದ್ಕೋಬೇಡಿ ಅಜ್ಜಿ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಮೇಲೆ ಹೋಗೋ ದಾರಿ ಮುಚ್ಚಿದ್ರೆ ನಿಮ್ಮ ಎದೆಯೊಳಗೇ ಮನೆ ಮಾಡತ್ತೆ. ಇಲ್ಲದ್ದೆಲ್ಲ ತೋರ್ಸತ್ತೆ, ಆಮೇಲೆ ಮಲಗಿಸಿಬಿಡತ್ತೆ." ಅವನು ಕಿಟಕಿ, ಬಾಗಿಲು ನೋಡಿ ತಲೆ ಚಚ್ಚಿಕೊಂಡ. "ಏನ್ರೀ ಇದು, ಮನೆಯೋ ದಿಂಬೋ? ಬೆಂಕಿಗೂ ಉಸಿರು ಬೇಡ್ವಾ?"

ಸೊಸೆ ಅವನನ್ನು ಬಾಗಿಲ ತನಕ ಕಳಿಸಲು ಹೋದಳು. ಅತ್ತೆಗೆ ಕೇಳಿಸದಂತೆ ಕೇಳಿದಳು, "ಆ ಅಂಗಿ ಒಳಗಿದ್ದಾಗಲೂ ಚಿಮಣಿ ಸದ್ದು ಮಾಡತ್ತಾ?"

"ಬಾಯಿಗೆ ಬಟ್ಟೆ ತುರುಕಿದ್ರೆ ನೀವು ಹಾಡ್ತೀರಾ ತಾಯಿ?" ಎಂದು ನಕ್ಕು ಅವನು ಬ್ರಷ್ಷುಗಳನ್ನು ಹೆಗಲಿಗೇರಿಸಿಕೊಂಡು ಹೊರಟ.

ಸೊಸೆ ನಗಲಿಲ್ಲ. ತಲೆ ಎತ್ತಿ ಚಾವಣಿಯನ್ನೇ ನೋಡುತ್ತ ನಿಂತಳು.

ಈಗ ಆ ಮನೆಯ ಕಿಟಕಿ ಬಿರುಕುಗಳಲ್ಲಿ ಉಣ್ಣೆಯಿಲ್ಲ. ಅತ್ತೆಯೇ ಕೂತು ಒಂದೊಂದನ್ನೂ ಕಿತ್ತರು. ಗಾಳಿ ಬೀಸಿದರೆ ಚಿಮಣಿ ಮತ್ತೆ ಗೊರ್ ಎನ್ನುತ್ತದೆ, ಸೀಟಿಯಂತೆ ಎಳೆಯುತ್ತದೆ. ಅತ್ತೆ ಕಿವಿ ಮುಚ್ಚಿಕೊಳ್ಳುವುದಿಲ್ಲ. ಆ ಸದ್ದಿಗೆ ಸರಿಯಾಗಿ ಸೂಜಿ ಎಳೆಯುತ್ತಾರೆ.

ಒಂದು ಸಂಜೆ ಹೊಲಿಯುತ್ತಿದ್ದಾಗ ಸದ್ದು ಥಟ್ಟನೆ ನಿಂತಿತು. ಅತ್ತೆಯ ಸೂಜಿಯೂ ನಿಂತಿತು. ಇಬ್ಬರೂ ಕುರ್ಚಿಯ ಕಡೆ ನೋಡಲಿಲ್ಲ.

"ಗಾಳಿ ನಿಂತಿದೆ ಅಷ್ಟೆ" ಎಂದಳು ಸೊಸೆ.

"ಇರಬಹುದು" ಎಂದರು ಅತ್ತೆ. "ಆದ್ರೂ ಉಂಡೇನ ಎತ್ಕೋ. ಕಿಟಕಿ ನಾನು ತೆಗೀತೀನಿ."