ಕಾಯ್ತಾನೋ, ಕಾಸ್ತಾನೋ

ಮದುವೆಯ ಸಂಬಂಧ ಹುಡುಕಿಕೊಡುವ ಸಂಗಣ್ಣ ಫೋನಿನಲ್ಲಿ ಹೇಳಿದ್ದು ಇಷ್ಟೇ. "ಸಾಬಕ್ಕ, ಹುಡುಗಗ ಸರ್ಕಾರದ ಕೆಲಸ ಅದ. ಹಮಾಮ ಕಾಯ್ತಾನ."

ಕಾಯ್ತಾನ ಅಂದನೋ, ಕಾಸ್ತಾನ ಅಂದನೋ, ಸುಲೇಪೇಟದ ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿ ಸಾಬಮ್ಮನ ಕಿವಿಗೆ ಬಿದ್ದದ್ದು ಎರಡನೆಯದು. ಹಮಾಮ ಎಂದರೆ ಜಳಕದ ಮನೆ ಎನ್ನುವುದು ಅವಳಿಗೆ ಓಣಿಯ ಇಮಾಮ್ಬೀಯಿಂದ ಗೊತ್ತಿತ್ತು. ಹಾಗಾದರೆ ಈ ಹುಡುಗ ಯಾರ ಜಳಕಕ್ಕೆ ನೀರು ಕಾಸುತ್ತಾನೆ? ಸರ್ಕಾರ ಯಾವಾಗಿನಿಂದ ಮಂದಿಗೆ ಮೈ ತೊಳೆಸುವ ಕೆಲಸ ಹಿಡಿದಿದೆ? ತಿರುಗಿ ಕೇಳಬೇಕು ಎನ್ನುವಷ್ಟರಲ್ಲಿ ಫೋನು ಕಟ್ಟಾಗಿತ್ತು. ಸಾಬಮ್ಮ ತಿರುಗಿ ಹಚ್ಚಲಿಲ್ಲ. ಹೋಗಿ ಕಣ್ಣಾರೆ ನೋಡಿದರಾಯಿತು ಎಂದುಕೊಂಡಳು.

ಅವಳು ಹೀಗೆ ಒಂದೊಂದು ಮಾತನ್ನೂ ಕಲ್ಲು ಆರಿಸಿದ ಹಾಗೆ ಆರಿಸುವುದಕ್ಕೆ ಕಾರಣವಿತ್ತು. ತಂಗಿಯ ಮದುವೆಯ ಹೊತ್ತಿನಲ್ಲಿ "ಹುಡುಗ ವಾಡಿ ಕಡೆ ಫ್ಯಾಕ್ಟರಿ ಗೇಟಿನಾಗ ಅದಾನ" ಎಂದಿದ್ದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಅವನು ದಿನಾ ಗೇಟಿನಲ್ಲೇ ಇರುತ್ತಿದ್ದ. ಗೇಟಿನ ಹೊರಗೆ, ಚಹಾದಂಗಡಿಯ ಕಲ್ಲಿನ ಮೇಲೆ, ಯಾರಾದರೂ ಕೂಲಿಗೆ ಕರೆದಾರೇನೋ ಎಂದು ಕುಳಿತಿರುತ್ತಿದ್ದ. ಕರೆಯದ ದಿನ ಕುಡಿಯುತ್ತಿದ್ದ, ಕರೆದ ದಿನವೂ ಕುಡಿಯುತ್ತಿದ್ದ. ತಂಗಿ ಆ ಮನೆಯಲ್ಲಿ ಬಹಳ ದಿನ ಬದುಕಲಿಲ್ಲ. ಅವಳು ಬಿಟ್ಟುಹೋದ ಕೂಸೇ ಭುವನೇಶ್ವರಿ. ಸಾಬಮ್ಮನ ಮಡಿಲಲ್ಲಿ ಬೆಳೆದು, ಓದಿ, ಈಗ ಸೇಡಂನ ಔಷಧದ ಅಂಗಡಿಯೊಂದರಲ್ಲಿ ಕೆಲಸಕ್ಕೆ ಹೋಗುತ್ತಾಳೆ. ಈ ಹುಡುಗಿಯನ್ನು ಮಾತ್ರ ಅರ್ಧ ಖರೆ ಹೇಳುವವರ ಮನೆಗೆ ಕೊಡಬಾರದು ಎನ್ನುವುದೊಂದೇ ಸಾಬಮ್ಮನ ಹಟ.

ಹೀಗಾಗಿ ಜನವರಿಯ ಒಂದು ಮುಂಜಾನೆ ಸಾಬಮ್ಮ, ಭುವನೇಶ್ವರಿ, ಸಂಗಣ್ಣ ಮೂವರೂ ಸೇಡಂಗೆ ಬಂದಿಳಿದು, ಟಂಟಂ ಆಟೋ ಹತ್ತಿ, ಕಾಗಿಣಾ ನದಿಯ ದಂಡೆಯ ಹುಡೇಹಾಳಕ್ಕೆ ಹುಡುಗನ ಮನೆ ನೋಡಲು ಹೋದರು. ಭುವನೇಶ್ವರಿ ದಾರಿಯುದ್ದಕ್ಕೂ ಫೋನು ನೋಡುತ್ತಿದ್ದಳು. ದೊಡ್ಡವ್ವ ತಿರುಗಿದಾಗಲೆಲ್ಲ ಅದನ್ನು ಬೋರಲು ಹಾಕುತ್ತಿದ್ದಳು.

ಟಂಟಂ ನಿಲ್ಲುವ ಬೇವಿನ ಮರದ ಕೆಳಗೆ ಹುಡುಗನೇ ನಿಂತಿದ್ದ. ಅರುಣಕುಮಾರ. ಎಣ್ಣೆ ಹಚ್ಚಿ ಬಾಚಿದ ತಲೆ, ಖಾಕಿ ಅಂಗಿ, ಎದೆಯ ಮೇಲೊಂದು ಬಿಲ್ಲೆ.

"ಬರ್ರಿ ದೊಡ್ಡವ್ವಾ, ದಾರ್ಯಾಗ ತ್ರಾಸ ಆಗ್ಲಿಲ್ಲಲ್ರಿ?"

ದೊಡ್ಡವ್ವ! ಸಾಬಮ್ಮನಿಗೆ ಮೊದಲನೆಯ ಮುಳ್ಳು ಅಲ್ಲೇ ಚುಚ್ಚಿತು. ಹೊಸಬರನ್ನು ಅವ್ವಾರ ಅನ್ನಬೇಕು, ಇಲ್ಲವೇ ಅಕ್ಕಾರ ಅನ್ನಬೇಕು. ಭುವನಾ ಕರೆಯುವ ಹೆಸರು ಇವನ ಬಾಯಿಗೆ ಹೇಗೆ ಬಂತು? ಅವಳು ಹುಡುಗಿಯ ಮುಖ ನೋಡಿದಳು. ಹುಡುಗಿ ಬೇವಿನ ಮರ ನೋಡುತ್ತಿದ್ದಳು.

"ಮನಿ ಯಾವ ಕಡಿ?" ಎಂದಳು ಸಾಬಮ್ಮ.

"ಮನಿ ಎಲ್ಲಿ ಓಡಿ ಹೋಗ್ತದ್ರಿ? ಮೊದಲ ನನ್ನ ಕೆಲಸ ನೋಡ್ರಿ. ಇಲ್ಲೇ ಕೋಟಿ ಹಿಂದ ಅದ."

ಮನೆ ನೋಡಲು ಬಂದವರಿಗೆ ಮನೆ ಬಿಟ್ಟು ಬೇರೆ ತೋರಿಸುತ್ತಾರೆ ಎಂದರೆ ಮನೆಯಲ್ಲಿ ಏನೋ ಅಡಗಿಸುವುದು ಇದೆ. ಎರಡನೆಯ ಮುಳ್ಳು. ಸಾಬಮ್ಮ ಸೆರಗು ಬಿಗಿದುಕೊಂಡು, ಕೋಲು ಊರುತ್ತ ಹಿಂಬಾಲಿಸಿದಳು. ಸಂಗಣ್ಣ ಮಾತ್ರ ಮುಂದೆ ಮುಂದೆ, ಎಲ್ಲ ತನ್ನದೇ ಎನ್ನುವ ಹಾಗೆ ನಡೆದ.

ಕೋಟೆಯ ಬಿದ್ದ ಗೋಡೆ ದಾಟಿದರೆ ಕಬ್ಬಿಣದ ಬೇಲಿ, ಪುರಾತತ್ವ ಇಲಾಖೆಯ ನೀಲಿ ಫಲಕ, ಅದರಾಚೆ ಮಣ್ಣಲ್ಲಿ ಅರ್ಧ ಹೂತಂತೆ ಕುಳಿತ ಗುಮ್ಮಟದ ಕಟ್ಟಡ. ಒಂದು ಕಡೆಯ ಕಮಾನು ಕುಸಿದು ಸೀತಾಫಲದ ಗಿಡ ಬೆಳೆದಿತ್ತು. ಅರುಣಕುಮಾರ ಸೊಂಟದಿಂದ ಕೀಲಿ ತೆಗೆದು ಬಾಗಿಲು ತೆರೆದ.

"ಇದ ನೋಡ್ರಿ ಹಮಾಮ. ಹಿಂದಿನ ಕಾಲದಾಗ ಊರ ಮಂದಿ ಎಲ್ಲಾ ಇಲ್ಲೇ ಬಂದು ಜಳಕ ಮಾಡ್ತಿದ್ರಂತ."

"ಮತ್ತ ಈಗ ಯಾರ ಸಲುವಾಗಿ ನೀರ ಕಾಸ್ತಿ?"

"ನೀರ? ನಾ ಯಾಕ ಕಾಸ್ಲಿರಿ?"

"ಸಂಗಣ್ಣ ಹೇಳ್ಯಾನ."

ಸಂಗಣ್ಣ ಹಣೆ ಬಡಿದುಕೊಂಡ. "ಯವ್ವಾ ಸಾಬಕ್ಕ! ಕಾಸ್ತಾನ ಅಲ್ಲ, ಕಾಯ್ತಾನ! ಕಾವಲು! ವಾಚಮನ್! ಅದಕ್ಕ ಏನ ದಾರಿಯುದ್ದಕ್ಕ ನನ್ನ ಮಾರಿ ನೋಡಿ ಹಲ್ಲು ಕಡೀತಿದ್ದಿ?"

ಭುವನೇಶ್ವರಿ ದುಪಟ್ಟಾದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಅರುಣಕುಮಾರನೂ ನಕ್ಕ, ಆದರೆ ಬೇಗ ನಿಲ್ಲಿಸಿದ. ಆ ಬೇಗ ನಿಂತ ನಗೆಯನ್ನು ಸಾಬಮ್ಮ ಮನಸ್ಸಿನಲ್ಲಿ ಇಟ್ಟುಕೊಂಡಳು.

ಒಳಗೆ ಕತ್ತಲು. ಗುಮ್ಮಟದಲ್ಲಿ ಅಲ್ಲಲ್ಲಿ ನಕ್ಷತ್ರದ ಆಕಾರದ ಕಿಂಡಿಗಳು. ಅವುಗಳಿಂದ ಬೆಳಕು ಹನಿಹನಿಯಾಗಿ ಇಳಿಯುತ್ತಿತ್ತೇ ಹೊರತು ಬಿಸಿಲು ನೆಲ ಮುಟ್ಟುತ್ತಿರಲಿಲ್ಲ. ಗೋಡೆಯೊಳಗೆ ಒಡೆದ ಮಣ್ಣಿನ ಕೊಳವೆಗಳು ಕಾಣುತ್ತಿದ್ದವು. ಹುಡುಗ ಉತ್ಸಾಹದಿಂದ ಹೇಳತೊಡಗಿದ. ಮೊದಲಿನದು ಬಟ್ಟೆ ಕಳಚುವ ಕೋಣೆ, ಆಮೇಲಿನದು ತಣ್ಣೀರಿನದು, ಕಡೆಯದು ಬಿಸಿಯದು. ಈ ಬಿಸಿ ಕೋಣೆಯ ನೆಲದ ಕೆಳಗೆ ಪೊಳ್ಳು. ಹಿಂದಿನ ಒಲೆಯಲ್ಲಿ ಉರಿ ಹಚ್ಚಿದರೆ ಬಿಸಿ ಗಾಳಿ ಕಲ್ಲಿನ ಕೆಳಗೆಲ್ಲ ಸುತ್ತಿ ಗೋಡೆಯಿಂದ ಮೇಲೆ ಹೋಗುತ್ತಿತ್ತು.

"ರೋಮ್ ದೇಶದಾಗ ಇದಕ್ಕಿಂತ ಭಾಳ ಹಿಂದನೇ ಇಂಥಾವು ಇದ್ದವಂತ್ರಿ. ನಮ್ಮ ಸಾಹೇಬ್ರು ಫೋಟೋ ತೋರಿಸ್ಯಾರ. ರಾಜಾನೂ ಸಿಪಾಯಿನೂ ಒಂದೇ ನೆಲದ ಮ್ಯಾಲ ಕುಂಡ್ರತಿದ್ರಂತ."

"ಬತ್ತಲೆ ಕುಂತ ಮ್ಯಾಲ ರಾಜಾ ಯಾರು, ಸಿಪಾಯಿ ಯಾರು ಹೆಂಗ ಗೊತ್ತಾಗ್ತದ?" ಎಂದ ಸಂಗಣ್ಣ.

ಸಾಬಮ್ಮನಿಗೆ ಕಾಲು ನೋಯುತ್ತಿತ್ತು. ಅವರು ಮಾತಾಡುತ್ತಿರಲಿ ಎಂದು ಅವಳು ಬಿಸಿ ಕೋಣೆಯ ನಡುವಿನ ಹಾಸುಗಲ್ಲಿನ ಮೇಲೆ ಕುಳಿತಳು. ಕುಳಿತವಳು ಹಾಗೇ ತಡೆದಳು. ಮನೆಯಲ್ಲಿ ಶಹಾಬಾದ ಕಲ್ಲಿನ ನೆಲ ಈ ತಿಂಗಳಲ್ಲಿ ಕಾಲಿಟ್ಟರೆ ಕಚ್ಚುತ್ತದೆ. ಇಲ್ಲಿ ಬಿಸಿಲಿಲ್ಲ, ಗಾಳಿ ಕೊರೆಯುತ್ತಿದೆ, ಆದರೂ ಕಲ್ಲು ತಣ್ಣಗಿಲ್ಲ. ಅವಳು ಅಂಗೈ ಊರಿದಳು. ಆಗಷ್ಟೇ ರೊಟ್ಟಿ ಬೇಯಿಸಿ ಇಳಿಸಿಟ್ಟ ಹಂಚಿನ ಹಾಗೆ ಬೆಚ್ಚಗಿತ್ತು.

ಬೇರೆಯವಳಾಗಿದ್ದರೆ ಕೂಗುತ್ತಿದ್ದಳು. ಸಾಬಮ್ಮ ಕೂಗಲಿಲ್ಲ. ಕೈ ಅಲ್ಲೇ ಇಟ್ಟುಕೊಂಡು, ಹುಡುಗನ ಮಾತು ಮುಗಿಯುವವರೆಗೂ ಕೇಳಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ತಮ್ಮಾ, ಈ ದಿನದಾಗ ಇಲ್ಲಿ ಥಂಡಿ ಭಾಳ ಇರಬೇಕಲ್ಲ?"

"ಭಾಳ ಥಂಡಿ ರಿ. ಕುಂಡ್ರಾಕ ಆಗಂಗಿಲ್ಲ."

"ಒಲಿ ಹಚ್ಚೋದು ನಿಂತು ಎಷ್ಟ ದಿನ ಆತು?"

"ದಿನ ಏನ್ರಿ, ಎಷ್ಟೋ ತಲೆಮಾರು ಆತು."

"ಹಂಗಾದ್ರ ಈ ಕಲ್ಲಿಗಿ ಜ್ವರ ಬಂದದೇನು?"

ಹುಡುಗನ ಮುಖದ ಬಣ್ಣ ಇಳಿಯಿತು. ಸಂಗಣ್ಣ ಬಗ್ಗಿ ಕಲ್ಲು ಮುಟ್ಟಿ, ಚೇಳು ಕಚ್ಚಿದವನ ಹಾಗೆ ಕೈ ಹಿಂದೆಗೆದ. ಭುವನೇಶ್ವರಿ ಮಾತ್ರ ಮುಟ್ಟಿ ನೋಡಲಿಲ್ಲ. ಅದನ್ನೂ ಸಾಬಮ್ಮ ಗಮನಿಸಿದಳು.

ಅವಳು ಎದ್ದು ಸೀದಾ ಹೊರಗೆ ನಡೆದಳು. ಕಟ್ಟಡದ ಹಿಂಬದಿಗೆ ಹೋಗಬೇಕು ಎನ್ನುವಾಗ ಅರುಣಕುಮಾರ ಓಡಿ ಬಂದು ಅಡ್ಡ ನಿಂತ.

"ಆ ಕಡಿ ಹೋಗಬ್ಯಾಡ್ರಿ, ಹಾವು ಇರ್ತಾವ."

"ಹಾವಿಗಿಂತ ಸುಳ್ಳಿಗಿ ಭಾಳ ಅಂಜ್ತೀನಿ ನಾ. ಆ ಕಡಿ ಸರಿ."

ಹಿಂದೆ ಜಾಲಿಮುಳ್ಳಿನ ಟೊಂಗೆ ಅಡ್ಡ ಇಟ್ಟು ಒಲೆಯ ಬಾಯಿಯನ್ನು ಮುಚ್ಚಲಾಗಿತ್ತು. ಸಾಬಮ್ಮ ಕೋಲಿನಿಂದ ಮುಳ್ಳು ಸರಿಸಿದಳು. ಒಳಗೆ ಬೂದಿ, ಬೂದಿಯ ಕೆಳಗೆ ಇನ್ನೂ ಕೆಂಡದ ಕಣ್ಣು. ಪಕ್ಕದಲ್ಲಿ ತೊಗರಿ ಕಟ್ಟಿಗೆಯ ಹೊರೆ. ಗೋಡೆಯ ಗೂಡಿನಲ್ಲಿ ಮಡಚಿಟ್ಟ ಕೌದಿ. ಕೌದಿಯ ಹಿಂದೆ ಒಂದು ಬಾಟಲಿ.

ಅವಳು ಬಾಟಲಿ ಎತ್ತಿಕೊಂಡಳು. ಕೋಟೆಯ ಹಿಂದೆ, ಬೇಲಿಯ ಒಳಗೆ, ಕೀಲಿ ಇವನದೇ ಕೈಯಲ್ಲಿ. ಕಳ್ಳಭಟ್ಟಿ ಇಳಿಸುವವನಿಗೆ ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ? ತಂಗಿಯ ಗಂಡನ ಬಾಯಿಯ ಆ ನಾತ ಇಷ್ಟು ವರ್ಷ ಕಳೆದರೂ ಅವಳ ಮೂಗಿನಿಂದ ಹೋಗಿರಲಿಲ್ಲ. ಬಾಟಲಿಯ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು. ಕರ್ಪೂರ, ಬೆಳ್ಳುಳ್ಳಿ, ಎಳ್ಳೆಣ್ಣೆ.

"ಅದು ನಂದ್ರಿ ಅಕ್ಕಾರ," ಎಂದಿತು ಹಿಂದಿನಿಂದ ಒಂದು ದನಿ.

ಬೇಲಿ ಹಿಡಿದುಕೊಂಡು, ಒಂದು ಹೆಜ್ಜೆಗೆ ಒಂದು ಉಸಿರು ಬಿಡುತ್ತ ಬರುತ್ತಿದ್ದವನು ಹುಡುಗನ ತಂದೆ ಭಾಗಣ್ಣ. ಬೀಗರು ಬಂದು ಹೊತ್ತಾಯಿತು, ಇನ್ನೂ ಮನೆಗೇಕೆ ಬರಲಿಲ್ಲ ಎಂದು ಹುಡುಕಿಕೊಂಡು ಬಂದಿದ್ದ. ಮುಳ್ಳು ಸರಿದದ್ದನ್ನು ಕಂಡು ಅವನಿಗೆ ಎಲ್ಲ ತಿಳಿಯಿತು.

"ಶಹಾಬಾದ ಖಣಿಯಾಗ ಕಲ್ಲು ಎಬ್ಬಿಸಿ ಎಬ್ಬಿಸಿ ಮೊಳಕಾಲ ಹೋದ್ವು ನೋಡ್ರಿ. ಥಂಡಿ ಬಂತಂದ್ರ ಎದ್ದು ನಿಂದ್ರಾಕ ಆಗಂಗಿಲ್ಲ. ಇವ ಒಂದ ಸಲ ಹಚ್ಚಿ ನೋಡೋಣು ಅಂದ. ಹಚ್ಚಿದ. ಕಾಯ್ತು! ಮುಂಜಾನಿ ಬಂದು ಒಂದ ತಾಸು ಮಲಗಿ ಹೋಗ್ತೀನಿ. ಅದರಿಂದ ನಡ್ಯಾಡ್ತೀನಿ."

"ಕಟ್ಟಡಕ್ಕ ಏನೂ ಆಗಿಲ್ರಿ," ಎಂದ ಅರುಣಕುಮಾರ ತಲೆ ತಗ್ಗಿಸಿ. "ಸಣ್ಣ ಉರಿ. ಬಿರುಕು ಬಿಟ್ಟದೇನು ಅಂತ ದಿನಾ ನೋಡ್ತೀನಿ."

"ಬೆಂಕಿ ಹಚ್ಚಬಾರದು ಅಂತ ಆ ನೀಲಿ ಹಲಗಿ ಮ್ಯಾಲ ಬರದದ."

"ಬರದದ್ರಿ."

"ಅದನ್ನ ನೋಡ್ಕೊಳ್ಳಾಕ ನಿನ್ನ ಇಟ್ಟಾರ."

"ಹೌದ್ರಿ."

"ಸಂಗಣ್ಣ ಕಾಯ್ತಾನ ಅಂದ, ನಾ ಕಾಸ್ತಾನ ಅಂತ ಕೇಳ್ದೆ. ಎರಡೂ ಖರೇನೇ ಆತು ನೋಡು."

ಸಂಗಣ್ಣನಿಗೆ ಇದೇ ಸಮಯ ಅನ್ನಿಸಿತು. "ಅಲ್ಲ ಸಾಬಕ್ಕ, ಹೆತ್ತಪ್ಪನ ಸಲುವಾಗಿ ಇಷ್ಟ ಮಾಡೋ ಹುಡುಗ ದೀಪಾ ಹಚ್ಚಿ ಹುಡುಕಿದರೂ ಸಿಗಂಗಿಲ್ಲ! ಕುಡಿಯಂಗಿಲ್ಲ, ಇಸ್ಪೀಟಿಲ್ಲ. ಏನ ಮಹಾ ಆತು, ನಾಕ ತೊಗರಿ ಕಟ್ಟಿಗಿ!"

ಸಾಬಮ್ಮ ಬಾಟಲಿಗೆ ಮುಚ್ಚಳ ಹಾಕಿ ಗೂಡಿನಲ್ಲೇ ಇಟ್ಟಳು. ಭಟ್ಟಿಯಲ್ಲ ಎಂದು ತಿಳಿದಾಗ ಎದೆ ಹಗುರಾದದ್ದು ನಿಜ. ಭಾಗಣ್ಣನ ಊದಿದ ಮೊಳಕಾಲು ಕಂಡು ಮರುಕ ಹುಟ್ಟಿದ್ದೂ ನಿಜ. ಆದರೆ "ಭಾಳ ಥಂಡಿ ರಿ" ಎಂದಾಗ ಆ ಹುಡುಗನ ದನಿ ಎಷ್ಟು ಸಲೀಸಾಗಿತ್ತು! ಬೆಣ್ಣೆಯಿಂದ ಕೂದಲು ಎಳೆದ ಹಾಗೆ.

"ಅಪ್ಪನ ಸಲುವಾಗಿ ಸುಳ್ಳ ಹೇಳ್ಯಾನ," ಎಂದಳು ಕಡೆಗೆ. "ನಾಳಿ ಹೇಂತಿ ಸಲುವಾಗಿ ಹೇಳ್ತಾನ. ನಾಡದು ಹೇಂತಿಗೇ ಹೇಳ್ತಾನ. ನನಗ ಅದರದೇ ಅಂಜಿಕಿ."

ಅವಳು ಹುಡುಗನ ಕಡೆ ತಿರುಗಿದಳು.

"ತಮ್ಮಾ, ನಿಮ್ಮ ಸಾಹೇಬಗ ಫೋನ ಹಚ್ಚು. ನೀನೇ ಹೇಳು."

"ಈಗ? ಕೆಲಸ ಹೋಗ್ತದ್ರಿ ದೊಡ್ಡವ್ವಾ!"

"ಹೋದ್ರ ಹೋಗ್ಲಿ. ಕೆಲಸ ಇಲ್ಲದವ ಬಂದು ಹುಡುಗಿ ಕೇಳಿದ್ರ ವಿಚಾರ ಮಾಡ್ತೀನಿ. ಮುಚ್ಚಿಟ್ಟವ ಕೇಳಿದ್ರ ಬಾಗಿಲಾ ಹಾಕ್ತೀನಿ."

"ಸಾಬಕ್ಕ, ನಿನಗ ತಲಿ ಕೆಟ್ಟದ," ಎಂದ ಸಂಗಣ್ಣ. ಭಾಗಣ್ಣ ಬೇಲಿಗೆ ಒರಗಿ ಮಗನನ್ನೇ ನೋಡುತ್ತಿದ್ದ. ಹುಡುಗ ಒಮ್ಮೆ ತಂದೆಯನ್ನು, ಒಮ್ಮೆ ಭುವನೇಶ್ವರಿಯನ್ನು ನೋಡಿದ. ಅವಳು ತಲೆಯಾಡಿಸಿದಳೋ ಇಲ್ಲವೋ, ಅವನು ಫೋನು ತೆಗೆದ.

"ಎಲ್ಲಾರಿಗೂ ಕೇಳೋ ಹಂಗ ಇಡು," ಎಂದಳು ಸಾಬಮ್ಮ.

ಅರುಣಕುಮಾರ ಹೇಳಿದ. ಮೊದಲು ತೊದಲಿದ, ಆಮೇಲೆ ಎಲ್ಲವನ್ನೂ ಹೇಳಿದ, ಒಲೆ, ಕಟ್ಟಿಗೆ, ಅಪ್ಪ, ಏನನ್ನೂ ಬಿಡದೆ. ಆ ಕಡೆಯ ಸಾಹೇಬರು ದಕ್ಷಿಣದವರು. "ಏನಯ್ಯಾ! ನಿನ್ನನ್ನ ಇಟ್ಟಿರೋದು ಯಾಕೆ? ನೀನೇ ಬೆಂಕಿ ಹಾಕಿದ್ರೆ ಇನ್ನು ಊರೋರಿಗೆ ಏನು ಹೇಳ್ಲಿ?" ಎಂದು ಶುರುವಾದ ಬೈಗುಳ ಬಹಳ ಹೊತ್ತು ನಡೆಯಿತು. ಕಡೆಗೆ, "ಹೊಗೆ ಎಲ್ಲಿಂದ ಆಚೆ ಬಂತು?" ಎಂದರು ಸಾಹೇಬರು, ದನಿಯಲ್ಲಿ ಈಗ ಸಿಟ್ಟಿಗಿಂತ ಕುತೂಹಲ ಹೆಚ್ಚಿತ್ತು. ಗೋಡೆಯ ಕೊಳವೆಯಿಂದ ಎಂದ ಹುಡುಗ. "ಕೆಂಡ ಆರಿಸು. ಬೀಗ ಹಾಕು. ಸೋಮವಾರ ನಾನೇ ಬಂದು ನೋಡ್ತೀನಿ. ನೀನು ಇರಬೇಕೋ ಬೇಡ್ವೋ ಆಮೇಲೆ ಹೇಳ್ತೀನಿ." ಫೋನು ಕಟ್ಟಾಯಿತು.

ಅರುಣಕುಮಾರ ಕೊಡದಿಂದ ನೀರು ಸುರಿದ. ಒಲೆ ಸುಯ್ ಎಂದಿತು. ಭಾಗಣ್ಣ ತನ್ನ ಕೌದಿ ಎತ್ತಿ ಹೆಗಲಿಗೆ ಹಾಕಿಕೊಂಡ.

"ಸಿಟ್ಟ ಬಂತೇನ್ರಿ ಭಾಗಣ್ಣನೋರ?" ಎಂದಳು ಸಾಬಮ್ಮ.

"ಬಂತ್ರಿ," ಎಂದ ಅವನು. "ಆದರ ನನ್ನ ಸಲುವಾಗಿ ಅವ ಹಲಗಿ ಓದೋ ಮಂದಿ ಮುಂದ ಅಂಜಿ ನಿಂದ್ರೋದು ನನಗೂ ಸೇರ್ತಿರಲಿಲ್ಲ. ಬರ್ರಿ, ಮನಿಗಿ ಹೋಗೋಣು."

ಇದು ಒಪ್ಪಿಗೆಯೋ ಅಲ್ಲವೋ ಎಂದು ಸಂಗಣ್ಣ ಕಣ್ಣಲ್ಲೇ ಕೇಳಿದ. ಸಾಬಮ್ಮ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಮನೆ ಇನ್ನೂ ನೋಡಿಲ್ಲ, ಸೋಮವಾರ ಇನ್ನೂ ಬಂದಿಲ್ಲ. ಆದರೆ ಹುಡುಗ ಬೀಗ ಹಾಕುವಾಗ ಎರಡು ಸಲ ಕೀಲಿ ತಪ್ಪಿಸಿದ್ದನ್ನು ಕಂಡಳು. ಸುಳ್ಳು ಹೇಳುವಾಗ ತಡವರಿಸದ ಹುಡುಗ ಖರೆ ಹೇಳಿದ ಮೇಲೆ ತಡವರಿಸಿದ್ದ. ಅದು ಅವಳಿಗೆ ಅಷ್ಟು ಕೆಟ್ಟದೆನಿಸಲಿಲ್ಲ.

ಊರೊಳಗೆ ಬಂದರು. ಭಾಗಣ್ಣನ ಮೊಳಕಾಲಿನ ದೆಸೆಯಿಂದ ಗಂಡಸರು ಮೂವರೂ ಹಿಂದೆ ಉಳಿದರು. ಭುವನೇಶ್ವರಿ ಮನಸ್ಸಿನ ಭಾರ ಇಳಿದವಳಂತೆ ಸರಸರ ಮುಂದೆ ನಡೆದಳು. ಹಿಟ್ಟಿನ ಗಿರಣಿಯ ಹತ್ತಿರ ದಾರಿ ಕವಲೊಡೆಯಿತು. ಹುಡುಗಿ ಯಾರನ್ನೂ ಕೇಳಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ಎಡಗಡೆಯ ಸಂದಿಗೆ ಹೊರಳಿ, ನೀರಿನ ಟಾಕಿ ದಾಟಿ, ಹಸಿರು ಬಾಗಿಲಿನ ಮನೆಯ ಮುಂದೆ ನಿಂತಳು. ಅಂಗಳದಲ್ಲಿದ್ದ ನಾಯಿ ಬೊಗಳಲಿಲ್ಲ. ಬಾಲ ಆಡಿಸುತ್ತ ಬಂದು ಅವಳ ಕಾಲು ಮೂಸಿತು.

ಸಾಬಮ್ಮ ಗಿರಣಿಯ ಹತ್ತಿರವೇ ನಿಂತಿದ್ದಳು. ಬೇವಿನ ಮರ, ಬೋರಲು ಹಾಕಿದ ಫೋನು, ದೊಡ್ಡವ್ವ ಎಂದ ಬಾಯಿ, ಮುಟ್ಟಿ ನೋಡದ ಕೈ, ಎಲ್ಲವೂ ಒಂದೊಂದಾಗಿ ಸಾಲು ಹಿಡಿದು ಬಂದವು. ಅವಳು ಅವಸರ ಮಾಡಲಿಲ್ಲ. ಕೋಲು ಊರುತ್ತ ಸಂದಿಯೊಳಗೆ ಬಂದು, ಹುಡುಗಿಯ ಎದುರಿಗಿದ್ದ ಕಟ್ಟೆಯ ಮೇಲೆ ಆರಾಮಾಗಿ ಕುಳಿತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿದಳು.

"ಬಾ ಭುವನಾ, ಕುಂದರು. ಈಗ ನೀ ಹೇಳು."