ನಲವತ್ತೇಳು ಸೆಕೆಂಡು ಖಾಲಿ

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಿಟ್ಟು ಜಾಸ್ತಿ. ಥಾರ್ನ್‌ಬಿ ಟೌನ್ ಎಂಬ ಹೆಸರು ಕೇಳಿ ಯಾರಾದರೂ "ಅದ್ಯಾವ್ ಟೀಮು? ಕೇಳೇ ಇಲ್ವಲ್ಲ" ಎಂದು ನಕ್ಕರೆ ಅವತ್ತಿಡೀ ಅವರ ಜೊತೆ ಮಾತು ಬಿಡುತ್ತೇನೆ. ಕೇಳಿರುವುದಿಲ್ಲ, ನಿಜ. ಇಂಗ್ಲೆಂಡಿನ ಫುಟ್‌ಬಾಲ್‌ನಲ್ಲಿ ಟಿವಿಯಲ್ಲಿ ಬರುವ ದೊಡ್ಡ ತಂಡಗಳ ಕೆಳಗೆ ಮೆಟ್ಟಿಲುಗಳಿವೆ. ನಮ್ಮವರು ಇರುವುದು ಮೇಲಿನಿಂದ ಆರನೆಯದರಲ್ಲಿ. ಆಡುವವರಲ್ಲಿ ಒಬ್ಬ ನಲ್ಲಿ ರಿಪೇರಿಯವನು, ಒಬ್ಬ ಶಾಲೆಯ ಮೇಷ್ಟ್ರು, ಗೋಲ್‌ಕೀಪರ್ ಗೋದಾಮಿನಲ್ಲಿ ಲಾರಿಗೆ ಮಾಲು ತುಂಬುವವನು. ಶನಿವಾರ ಬೂಟು ಕಟ್ಟಿಕೊಂಡು ಬರುತ್ತಾರೆ, ಸೋಲುತ್ತಾರೆ, ಮನೆಗೆ ಹೋಗುತ್ತಾರೆ.

ಅವರ ಆಟವನ್ನು ಇಲ್ಲಿ ಯಾವ ಚಾನೆಲ್ಲೂ ತೋರಿಸುವುದಿಲ್ಲ. ಅದನ್ನು ನೋಡಲು ನನಗೆ ಗೊತ್ತಿದ್ದ ಜಾಗ ಒಂದೇ: ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ನನ್ನ ಮಾನಿಟರ್.

ನಮ್ಮ ಕೆಲಸ ಇಷ್ಟೇ. ಅಲ್ಲಿನ ಮೈದಾನದ ಕ್ಯಾಮೆರಾ ಚಿತ್ರ ನಮ್ಮ ಪರದೆಗೆ ಬರುತ್ತದೆ. ಯಾರು ಯಾರಿಗೆ ಚೆಂಡು ಕೊಟ್ಟ, ಯಾರು ಯಾರನ್ನು ಬೀಳಿಸಿದ, ಯಾರು ಹೊರಗೆ ಒದ್ದ, ಎಲ್ಲವನ್ನೂ ಆ ಕ್ಷಣವೇ ಕೀಬೋರ್ಡಿನಲ್ಲಿ ಒತ್ತುತ್ತಾ ಹೋಗಬೇಕು. ಒಂದು ಪಂದ್ಯಕ್ಕೆ ಇಬ್ಬರು, ಒಬ್ಬರಿಗೆ ಒಂದು ತಂಡ. ನನ್ನ ತಂಡದ್ದು ನನಗೆ, ಎದುರು ತಂಡದ್ದು ಪಕ್ಕದ ಕುರ್ಚಿಯ ಮಲ್ಲಿಕ್‌ಗೆ. ಒಬ್ಬರದನ್ನು ಇನ್ನೊಬ್ಬರು ಒತ್ತಲು ಹೋದರೆ ಕಂಪ್ಯೂಟರ್ ತೆಗೆದುಕೊಳ್ಳುವುದೇ ಇಲ್ಲ. ನಾವು ಒತ್ತಿದ್ದೆಲ್ಲ ಆ ಕ್ಲಬ್ಬಿಗೆ ಹೋಗುತ್ತದೆ, ಮೈದಾನಕ್ಕೆ ಬರಲಾಗದ ಅಭಿಮಾನಿಗಳ ಮೊಬೈಲಿಗೂ ಹೋಗುತ್ತದೆ. ಗೋಲ್ ಬಿದ್ದರೆ ಐದು ಸೆಕೆಂಡಿನೊಳಗೆ 'ಜಿ' ಒತ್ತಲೇಬೇಕು.

ಇದಕ್ಕೂ ಮುಂಚೆ ನಾನು ಬೊಮ್ಮಸಂದ್ರದ ಒಂದು ಮಾತ್ರೆ ಕಾರ್ಖಾನೆಯಲ್ಲಿದ್ದೆ. ಗದಗದ ಕಡೆಯಿಂದ ಬಂದು ನಾಲ್ಕು ವರ್ಷ, ದೀಪದ ಮುಂದೆ ಸಾಲಾಗಿ ಹರಿದು ಹೋಗುವ ಕ್ಯಾಪ್ಸೂಲ್‌ಗಳಲ್ಲಿ ಒಡೆದದ್ದನ್ನು ಹೆಕ್ಕಿ ತೆಗೆಯುವ ಕೆಲಸ. ಕಣ್ಣು ಪಳಗಿಬಿಟ್ಟಿತ್ತು. ಈ ಆಫೀಸಿನ ಪರೀಕ್ಷೆಯಲ್ಲಿ ಎಂಜಿನಿಯರಿಂಗ್ ಓದಿದವರು ಚೆಂಡು ಎಲ್ಲಿದೆ ಎಂದು ಹುಡುಕುತ್ತಿದ್ದಾಗ ನಾನು ಹನ್ನೊಂದು ಜನರ ನಂಬರನ್ನೂ ಹೇಳಿಬಿಟ್ಟಿದ್ದೆ. ಫುಟ್‌ಬಾಲ್ ಎಂದರೆ ಏನೆಂದು ಆಗ ನನಗೆ ಗೊತ್ತಿರಲಿಲ್ಲ.

ಟ್ರೇನಿಂಗ್‌ನ ಮೊದಲ ದಿನವೇ ನಮ್ಮ ಟೀಮ್ ಲೀಡ್ ಸಂಗಮೇಶ್ ಒಂದು ನಿಯಮ ಹೇಳಿದ್ದರು. ಬಾಗಲಕೋಟೆಯವರು, ಹಣೆಯ ಮೇಲಿನ ವಿಭೂತಿ ಸಂಜೆಯವರೆಗೂ ಅಳಿಸುವುದಿಲ್ಲ. ಮೀಟಿಂಗಿನಲ್ಲಿ ಇಂಗ್ಲಿಷ್, ಮನಸ್ಸಿನ ಮಾತು ಬಂದರೆ ನಮ್ಮ ಕಡೆಯ ಭಾಷೆ. "ಯಾವ ಟೀಮಿನ ಮ್ಯಾಲೂ ಪ್ರೀತಿ ಇಟ್ಕೋಬ್ಯಾಡ್ರಿ. ಪ್ರೀತಿ ಬಂತಂದ್ರ ಕಣ್ಣು ಸುಳ್ಳು ಹೇಳ್ತಾವ" ಎಂದಿದ್ದರು. ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಚೆಂಡು ಒದೆಯುವವರನ್ನು ಕಂಡು ಪ್ರೀತಿ ಬರುವುದಕ್ಕೆ ನನಗೇನು ತಲೆ ಕೆಟ್ಟಿದೆಯೇ?

ಆ ವರ್ಷದ ನವೆಂಬರ್‌ನಲ್ಲಿ ನನ್ನ ಮದುವೆ ಮುರಿಯಿತು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ, ಹುಡುಗಿಯ ಬಾಯಿ ಜೋರು ಎಂದು ಗಂಡಿನ ಕಡೆಯವರು ಹೇಳಿ ಕಳಿಸಿದರು. ನಾನು ಅಳಲಿಲ್ಲ. ಅಳುವುದಕ್ಕೆ ಸಿಟ್ಟು ಬಿಡಬೇಕಲ್ಲ! ಶನಿವಾರ ಹಲ್ಲು ಕಚ್ಚಿಕೊಂಡು ಡ್ಯೂಟಿಗೆ ಬಂದೆ. ಹೆಸರಿರುವ ತಂಡಗಳಿಗೆ ಎಲ್ಲರೂ ಕಿತ್ತಾಡಿ, ಯಾರಿಗೂ ಬೇಡವಾದ ಪಂದ್ಯವೊಂದು ನನ್ನ ಪಾಲಿಗೆ ಉಳಿದಿತ್ತು. ಅದೇ ಥಾರ್ನ್‌ಬಿ.

ಅವತ್ತು ಅವರು ಐದು ಗೋಲ್ ತಿಂದರು. ಅಲ್ಲಿ ಜಿಟಿಜಿಟಿ ಮಳೆ. ಆಟ ಮುಗಿದ ಮೇಲೂ ಕ್ಯಾಮೆರಾ ಎರಡು ನಿಮಿಷ ಓಡುತ್ತಿರುತ್ತದೆ. ಗೋಲಿನ ಹಿಂದೆ ಕೆಂಪು ರೇನ್‌ಕೋಟ್ ಹಾಕಿಕೊಂಡು ಫ್ಲಾಸ್ಕ್ ಹಿಡಿದು ಕೂತಿದ್ದ ಒಬ್ಬ ಮುದುಕಿ ಎದ್ದು ನಿಂತು ಚಪ್ಪಾಳೆ ಹೊಡೆಯತೊಡಗಿದಳು. ಅವಳ ಹಿಂದೆ ನಾಲ್ಕೈದು ನೂರು ಜನ ಎದ್ದರು. ಆಟಗಾರರು ತಲೆ ತಗ್ಗಿಸಿಕೊಂಡು ಅವರ ಹತ್ತಿರ ಹೋದರು. ನಲ್ಲಿ ರಿಪೇರಿಯವನು, ಮೂರನೇ ನಂಬರಿನ ಪ್ರಾಕ್ಟರ್, ತಾನೂ ಆ ಅಜ್ಜಿಗೆ ಚಪ್ಪಾಳೆ ಹೊಡೆದ. ನನಗೆ ಮೈಯೆಲ್ಲ ಉರಿದುಹೋಯಿತು. ಐದು ಗೋಲ್ ತಿಂದವರಿಗೆ ಚಪ್ಪಾಳೆಯೇ? ಮಾನ ಮರ್ಯಾದೆ ಬೇಡವೇ ಈ ಜನಕ್ಕೆ?

ಮುಂದಿನ ಶನಿವಾರವೂ ಅದೇ ರೇನ್‌ಕೋಟು, ಅದೇ ಫ್ಲಾಸ್ಕು. ಮೂರನೇ ಶನಿವಾರ ಪರದೆ ಹೊತ್ತಿಕೊಂಡ ಕೂಡಲೇ ನಾನು ಮೊದಲು ಹುಡುಕಿದ್ದು ಅವಳನ್ನು. ಅವತ್ತು ಇವರು ಮತ್ತೆ ಸೋತರು, ಅಜ್ಜಿ ಮತ್ತೆ ಎದ್ದಳು. ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಹೊಟ್ಟೆ ತುಂಬ ಅತ್ತೆ. ಹೊರಗೆ ಬಂದಾಗ ಹಸಿವಾಗಿತ್ತು. ಎಷ್ಟೋ ದಿನದ ಮೇಲೆ ಊಟ ರುಚಿಸಿತು. ಸೋತವರನ್ನು ಕಂಡು ಎದ್ದು ನಿಲ್ಲುವವರೂ ಇರುತ್ತಾರೆ ಎಂದು ನನಗೆ ತೋರಿಸಿಕೊಟ್ಟದ್ದು ಥಾರ್ನ್‌ಬಿ. ಆ ಉಪಕಾರವನ್ನು ನಾನು ಮರೆಯುವವಳಲ್ಲ.

ಆಮೇಲೆ ಬೇರೆಯವರಿಗೆ ಒಳ್ಳೊಳ್ಳೆ ಪಂದ್ಯ ಬಿಟ್ಟುಕೊಟ್ಟು ಥಾರ್ನ್‌ಬಿಯನ್ನು ನಾನೇ ಇಟ್ಟುಕೊಳ್ಳುತ್ತಿದ್ದೆ. ಚಂದಾಪುರದಲ್ಲಿ ನಾನಿರುವ ರೂಮಿನ ಓನರ್ ವೆಂಕಟಮ್ಮನಿಗೂ ಇದರ ರುಚಿ ಹತ್ತಿತು. ಭಾನುವಾರ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಾ, "ಏನವ್ವಾ, ನಿನ್ ಐಕ್ಳು ಗೆದ್ವಾ?" ಎನ್ನುವಳು.

"ಇಲ್ಲಮ್ಮ."

"ಓಗ್ಲಿ ಬುಡು. ಮುಂದಿನ್ ವಾರ ಒಡೀತವೆ."

ಎರಡು ಸೀಸನ್ ಕಳೆಯುವಷ್ಟರಲ್ಲಿ ನನ್ನ ಹೆಸರಿನ ಮುಂದೆ ಎರಡು ಕೆಂಪು ಗುರುತು ಬಿದ್ದಿದ್ದವು. ಪ್ರಾಕ್ಟರ್ ಹೊರಗೆ ಒದ್ದ ಚೆಂಡನ್ನು ಒಳ್ಳೆಯ ಪಾಸು ಎಂದು ಒತ್ತಿದ್ದಕ್ಕೆ ಒಂದು. ಅದನ್ನು ಕೇಳಲು ಬಂದವರ ಜೊತೆ ಜಗಳಕ್ಕೆ ನಿಂತದ್ದಕ್ಕೆ ಇನ್ನೊಂದು. ಮೂರನೆಯದು ಬಿದ್ದರೆ ಕೆಳಗಿನ ಮಹಡಿಗೆ ಹಾಕುತ್ತಾರೆ. ಅಲ್ಲಿ ಮಾಲ್‌ಗಳ ಪಾರ್ಕಿಂಗ್ ಕ್ಯಾಮೆರಾ ನೋಡಿ ಕಾರು ಗುರುತಿಸುತ್ತಾ ಕೂರಬೇಕು. ಸಂಬಳ ಅದೇ, ಕುರ್ಚಿ ಇನ್ನೂ ಚೆನ್ನಾಗಿದೆ. ಆದರೆ ಆ ಮಹಡಿಯಲ್ಲಿ ಥಾರ್ನ್‌ಬಿ ಇಲ್ಲ.

ಈ ವರ್ಷದ ಏಪ್ರಿಲ್ ಕೊನೆಯ ಶನಿವಾರ ಸೀಸನ್ನಿನ ಕೊನೆಯ ಪಂದ್ಯ. ನಮ್ಮವರು ಸೋತರೆ ಏಳನೇ ಮೆಟ್ಟಿಲಿಗೆ ಇಳಿಯುತ್ತಾರೆ. ಏಳನೇ ಮೆಟ್ಟಿಲಿನ ಪಂದ್ಯಗಳು ನಮ್ಮ ಕಂಪನಿಗೆ ಬರುವುದೇ ಇಲ್ಲ. ಸಮ ಮಾಡಿಕೊಂಡರೆ ಸಾಕು, ಉಳಿಯುತ್ತಾರೆ. ಸಂಜೆ ಏಳೂವರೆಗೆ ಆಟ ಶುರುವಾಯಿತು. ಅರ್ಧ ಗಂಟೆಯೊಳಗೆ ಎದುರಿನವರು ಒಂದು ಗೋಲ್ ಹೊಡೆದರು, ಮಲ್ಲಿಕ್ ತಣ್ಣಗೆ 'ಜಿ' ಒತ್ತಿದ. ಅವನ ಕತ್ತು ಹಿಸುಕಬೇಕು ಅನ್ನಿಸಿತು. ಪಾಪ, ಅವನದೇನು ತಪ್ಪು?

ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ಸಮಯದ ಮೂರನೇ ನಿಮಿಷ. ಮೂಲೆಯಿಂದ ಚೆಂಡು ಬಂತು. ಯಾರದೋ ತಲೆಗೆ ತಾಗಿತು, ಯಾರದೋ ಬೆನ್ನಿಗೆ ತಾಗಿತು. ಮೂವತ್ತಾರು ವರ್ಷದ ಪ್ರಾಕ್ಟರ್, ನಾನು ನೋಡಿದ ಎರಡು ಸೀಸನ್ನಿನಲ್ಲಿ ಒಂದೇ ಒಂದು ಗೋಲ್ ಹೊಡೆಯದವನು, ಅಡ್ಡ ನಿಂತಿದ್ದ. ಚೆಂಡು ಅವನ ಮೊಣಕಾಲಿಗೆ ಬಡಿದು ನಿಧಾನಕ್ಕೆ ಉರುಳುತ್ತಾ ಒಳಗೆ ಹೋಯಿತು.

ನಾನು ಕಿರುಚಲಿಲ್ಲ. ಕೈಗಳು ತಾವಾಗಿಯೇ ತಲೆಯ ಮೇಲೆ ಹೋದವು, ಜೋಡಿಸಿಕೊಂಡವು. ಪ್ರಾಕ್ಟರ್ ಗೋಲಿನ ಹಿಂದಕ್ಕೆ ಓಡಿದ. ಅಜ್ಜಿಯ ಫ್ಲಾಸ್ಕ್ ಎಲ್ಲೋ ಹಾರಿಹೋಗಿತ್ತು, ಇಬ್ಬರೂ ತಬ್ಬಿಕೊಂಡು ಕುಣಿಯುತ್ತಿದ್ದರು.

"ಏಯ್ ದಾನೇಶ್ವರಿ! ಜಿ ಒತ್ತೇ ತಾಯಿ! ಜಿ!" ಎಂದು ಮಲ್ಲಿಕ್ ಬಡಿದುಕೊಳ್ಳುತ್ತಿದ್ದ. ಕೇಳಿಸುತ್ತಿತ್ತು. ಆದರೆ ಕೈ ಇಳಿಯಬೇಕಲ್ಲ? ಪರದೆ ಕಾಣದಷ್ಟು ಕಣ್ಣು ತುಂಬಿತ್ತು. ಕೊನೆಗೆ ನಾನು 'ಜಿ' ಒತ್ತಿದಾಗ ನಲವತ್ತೇಳು ಸೆಕೆಂಡು ಆಗಿತ್ತು. ಅಷ್ಟು ಹೊತ್ತೂ ಊರಾಚೆಯ ಅಭಿಮಾನಿಗಳ ಮೊಬೈಲಿನಲ್ಲಿ ಥಾರ್ನ್‌ಬಿ ಸೋಲುತ್ತಲೇ ಇತ್ತು.

ಭಾನುವಾರ ವೆಂಕಟಮ್ಮನಿಗೆ, ಗೆಲ್ಲಲೂ ಇಲ್ಲ, ಸೋಲಲೂ ಇಲ್ಲ, ಉಳಿದುಕೊಂಡರು ಎಂದೆ. "ಉಳ್ಕಂಡ್ವಾ! ಇನ್ನೇನ್ ಬೇಕವ್ವಾ!" ಎಂದು ಶ್ಯಾವಿಗೆ ಪಾಯಸ ಮಾಡಿ ತಂದಳು. ನಾನು ಎರಡು ಚಮಚ ತಿಂದು ಬಟ್ಟಲು ಮುಚ್ಚಿಟ್ಟೆ. ಅವರು ಉಳಿದರು, ನಾನು ಕೆಳಗಿನ ಮಹಡಿಗೆ ಹೋಗುತ್ತೇನೆ ಎಂದು ಅವಳಿಗೆ ಹೇಗೆ ಹೇಳಲಿ?

ಸೋಮವಾರ ಸಂಗಮೇಶ್ ಕ್ಯಾಬಿನ್ನಿಗೆ ಕರೆದರು. ಸಿಸ್ಟಮ್ ಹ್ಯಾಂಗ್ ಆಯ್ತು ಅಂತ ಹೇಳಿಬಿಡು ಎಂದು ಮಲ್ಲಿಕ್ ಹೇಳಿಕೊಟ್ಟಿದ್ದ. ಸಂಗಮೇಶ್ ಅವರೇ ಆ ದಾರಿ ತೆರೆದಿಟ್ಟರು. "ನೆಟ್ ಹೋಗಿತ್ತೇನ್ರಿ? ಕೀಬೋರ್ಡ್ ಕೆಟ್ಟಿತ್ತೇನ್ರಿ?"

ಸುಳ್ಳು ಹೇಳಬಹುದಿತ್ತು. ಪ್ರಾಕ್ಟರ್ ಎರಡು ವರ್ಷದಲ್ಲಿ ಒಂದೇ ಒಂದು ಸಲ ಹೊಡೆದ ಗೋಲಿನ ಮೇಲೆ ಸುಳ್ಳು ಹೇಳುವುದಕ್ಕೆ ಬಾಯಿ ಬರಲಿಲ್ಲ. "ಏನೂ ಕೆಟ್ಟಿರ್ಲಿಲ್ರಿ ಸರ್. ಕೈ ಮುಗೀತಿದ್ದೆ."

"ಯಾರಿಗೆ?"

"ಅವ್ರಿಗೇ ರೀ. ಎಲ್ಲಾರಿಗೂ."

ಅವರು ಪೆನ್ನು ಕೆಳಗಿಟ್ಟರು. "ಮೂರನೇ ಗುರುತು ಹಾಕೋ ಮುಂದ ಕ್ಲಬ್ಬಿನವ್ರನ್ನ ಕೇಳಬೇಕು, ರೂಲ್ ಐತಿ. ಇದ್ದದ್ದು ಇದ್ದಂಗ ಬರೀತೀನಿ" ಎಂದರು. ಮೂರು ದಿನ ನಾನು ಯಾರ ಮೇಲೂ ರೇಗಲಿಲ್ಲ. ನನಗೆ ಜ್ವರ ಬಂದಿದೆ ಎಂದು ಆಫೀಸಿನವರು ಅಂದುಕೊಂಡರು.

ಗುರುವಾರ ಮತ್ತೆ ಕರೆ ಬಂತು. ಕ್ಲಬ್ಬಿನ ಉತ್ತರ ಬಂದಿತ್ತು, ಮಾನಿಟರ್ ನನ್ನ ಕಡೆ ತಿರುಗಿಸಿದರು. ಬರೆದವಳು ಥಾರ್ನ್‌ಬಿಯಲ್ಲಿ ನಮ್ಮ ಅಂಕಿಅಂಶ ನೋಡಿಕೊಳ್ಳುವ ಹೆಂಗಸು. ವಾರವಿಡೀ ಊರಿನ ಲೈಬ್ರರಿಯಲ್ಲಿ ಕೆಲಸ, ಶನಿವಾರ ಮಾತ್ರ ಕ್ಲಬ್ಬಿಗೆ. ನನ್ನ ಇಂಗ್ಲಿಷ್ ನಿಧಾನವೆಂದು ಸಂಗಮೇಶ್ ಓದಿ ಹೇಳಿದರು. ಗೋಲ್ ಬಿದ್ದಾಗ ಅವಳ ಲ್ಯಾಪ್‌ಟಾಪ್ ತೊಡೆಯಿಂದ ಕೆಳಗೆ ಬಿದ್ದಿತ್ತಂತೆ. ಅವಳು ಗುರುತೇ ಇಲ್ಲದ ಯಾರನ್ನೋ ತಬ್ಬಿಕೊಂಡು ಅಳುತ್ತಿದ್ದಳಂತೆ. ಅವಳು ಮೈದಾನದಲ್ಲಿ ಕೂತು ಬರೆಯುವ ಲೆಕ್ಕದಲ್ಲೂ ಆ ಹೊತ್ತು ಪೂರ್ತಿ ಖಾಲಿ. "ನಿಮ್ಮದು ತಪ್ಪಲ್ಲ. ದಯವಿಟ್ಟು ಆ ನಲವತ್ತೇಳು ಸೆಕೆಂಡನ್ನು ತುಂಬಿಸಬೇಡಿ, ಖಾಲಿಯಾಗೇ ಇರಲಿ. ನಮ್ಮವರೊಬ್ಬರು ಅಷ್ಟು ದೂರದಲ್ಲಿ ಇದ್ದಾರೆಂದು ನಮಗೆ ಗೊತ್ತೇ ಇರಲಿಲ್ಲ. ಅವರ ಹೆಸರೇನು?"

ನಮ್ಮವರೊಬ್ಬರು! ಸಂಗಮೇಶ್ ಕೀಬೋರ್ಡನ್ನು ನನ್ನ ಮುಂದೆ ಸರಿಸಿದರು. ದಾನೇಶ್ವರಿ, ಚಂದಾಪುರ ಎಂದು ನಾನೇ ಬರೆದೆ.

"ಗುರುತು ಹಾಕಂಗಿಲ್ಲ," ಎಂದರು ಅವರು. "ಆದ್ರ ರೂಲ್ ರೂಲೇ. ನೀವು ಅವ್ರ ಅಭಿಮಾನಿ ಅಂತ ಈಗ ಬರಹದಾಗ ಬಂತು. ಇನ್ನ ಮುಂದ ಥಾರ್ನ್‌ಬಿ ನಿಮಗ ಕೊಡಾಂಗಿಲ್ಲ."

ಇಷ್ಟೆಲ್ಲ ಆಗಿ ಇದಕ್ಕೇನಾ? ಸಿಟ್ಟು ನೆತ್ತಿಗೇರುವಷ್ಟರಲ್ಲಿ ಅವರು ಕನ್ನಡಕ ಒರೆಸಿಕೊಳ್ಳುತ್ತಾ ಮಾತು ಮುಗಿಸಿದರು. "ಥಾರ್ನ್‌ಬಿ ಮಲ್ಲಿಕ್ ಒತ್ತಲಿ. ನೀವು ಪ್ರತಿ ವಾರ ಅವ್ರ ಎದುರಿನ ಟೀಮ್ ತಗೊಳ್ರಿ. ಮತ್ತ, ಎದುರಿನವ್ರ ಒಂದ್ ಪಾಸೂ ಕಮ್ಮಿ ಆಗಬಾರ್ದು ನೋಡ್ರಿ."

"ಒಂದೂ ಬಿಡಂಗಿಲ್ರಿ ಸರ್," ಎಂದೆ. ಧನ್ಯವಾದ ಹೇಳಲು ನೆನಪಾದದ್ದು ಲಿಫ್ಟಿನಲ್ಲಿ. ವಾಪಸ್ ಹತ್ತಿ ಹೋಗಿ ಹೇಳಿ ಬಂದೆ.

ಆಗಸ್ಟ್‌ನಲ್ಲಿ ಹೊಸ ಸೀಸನ್ನಿನ ಮೊದಲ ಶನಿವಾರ ನಾನು ಮಲ್ಲಿಕ್‌ನ ಕುರ್ಚಿಯಲ್ಲಿ ಕೂತೆ. ಎದುರು ತಂಡದ ನೀಲಿ ಅಂಗಿಯವರ ಪಾಸುಗಳನ್ನು ಒಂದೂ ಬಿಡದೆ ಒತ್ತಿದೆ, ಹಲ್ಲು ಕಚ್ಚಿಕೊಂಡು. ಗೋಲಿನ ಹಿಂದೆ ಕೆಂಪು ರೇನ್‌ಕೋಟು, ಕೈಯಲ್ಲಿ ಹೊಸ ಫ್ಲಾಸ್ಕು. ಇಪ್ಪತ್ತೊಂದನೇ ನಿಮಿಷಕ್ಕೆ ಥಾರ್ನ್‌ಬಿಯ ಮೇಷ್ಟ್ರು ತಲೆಯಿಂದ ಗೋಲ್ ಹೊಡೆದ. ಮಲ್ಲಿಕ್ ಎರಡೇ ಸೆಕೆಂಡಿನಲ್ಲಿ 'ಜಿ' ಒತ್ತಿದ. ಗೋಲ್ ತಿಂದ ತಂಡಕ್ಕೆ, ಆಟ ಮತ್ತೆ ಶುರುವಾಗುವವರೆಗೆ, ಒತ್ತಲು ಏನೂ ಇರುವುದಿಲ್ಲ. ನನ್ನ ಎರಡೂ ಕೈ ಖಾಲಿ ಇದ್ದವು. ಆಗ ಗೊತ್ತಾಯಿತು ಸಂಗಮೇಶ್ ನನಗೆ ಏನು ಕೊಟ್ಟಿದ್ದಾರೆ ಎಂದು. ತಿರುಗಿ ನೋಡಿದೆ. ಗಾಜಿನ ಕ್ಯಾಬಿನ್ನಿನಲ್ಲಿ ಅವರು ಬೇಕೆಂದೇ ಎತ್ತಲೋ ನೋಡುತ್ತಿದ್ದರು.

ನಾನು ಎರಡೂ ಕೈ ಮೇಲೆತ್ತಿ, ಮೊದಲು ಪರದೆಗೆ, ಆಮೇಲೆ ಆ ಗಾಜಿನ ಕಡೆಗೆ ಮುಗಿದೆ. ಈ ಸಲ ಯಾರೂ ಸೆಕೆಂಡು ಎಣಿಸಲಿಲ್ಲ.