ಎದುರು ಕುರ್ಚಿ

"ತಲೆ ಕಡೆ ಮೇಲೆತ್ತಿ! ಮೇಲೆ, ಇನ್ನೂ ಮೇಲೆ... ಅಯ್ಯೋ, ಗೋಡೆಗೆ ತಾಗುತ್ತೆ!"

ಶವಪೆಟ್ಟಿಗೆ ಮೆಟ್ಟಿಲಿನ ತಿರುವಿನಲ್ಲಿ ಸಿಕ್ಕಿಕೊಂಡಿತು. ಕಾಲಿನ ಕಡೆ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದ ಪಾದ್ರಿಯ ಎದೆಯ ಮೇಲೆ ಇಡೀ ಭಾರ ಬಂದು ಕೂತಿತು. ಅವನಿಗೂ ಅರವತ್ತು ದಾಟಿದೆ. ನೀವು ಹೊರಬೇಡಿ ಎಂದು ಎಲ್ಲರೂ ಹೇಳಿದ್ದರು, ಅವನೇ ಹಠ ಹಿಡಿದು ಕೈ ಕೊಟ್ಟಿದ್ದ. ಸತ್ತವರು ಅವನ ಅಕ್ಕನ ಗಂಡ, ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಯಾರು ಏನು ಹೇಳಿದರೂ "ಪುರಾವೆ ಏನು?" ಎಂದು ಕೇಳುತ್ತಿದ್ದುದರಿಂದ ಮಕ್ಕಳ ಬಾಯಲ್ಲಿ ಪುರಾವೆ ಮೇಷ್ಟ್ರಾಗಿದ್ದರು. ಆ ಹೆಸರು ಅವರಿಗೂ ಗೊತ್ತಿತ್ತು, ಒಳಗೊಳಗೇ ಖುಷಿಯೂ ಇತ್ತು.

"ಮಾಮ, ಸ್ವಲ್ಪ ಓರೆ ಮಾಡಿ. ಎಡಕ್ಕೆ. ನಿಮ್ಮ ಎಡ ಅಲ್ಲ, ನನ್ನ ಎಡ," ಎಂದು ಮೇಲಿನ ಮೆಟ್ಟಿಲಿನಿಂದ ಭಾವನ ಮಗಳು ಹೇಳಿದಳು. ಅತ್ತು ಅತ್ತು ಅವಳ ದನಿ ಕೂತುಹೋಗಿತ್ತು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಅಳು ಬಂದರೂ ಅಳತೆ ತಪ್ಪುವವಳಲ್ಲ.

"ಈ ಮೆಟ್ಟಿಲು ಕಟ್ಟಿದವನಿಗೆ ಲೆಕ್ಕ ಬರಲ್ಲ ಅಂತ ನಿಮ್ಮಪ್ಪ ಮನೆ ತಗೊಂಡಾಗಲೇ ಹೇಳಿದ್ರು," ಎಂದು ಪಾದ್ರಿ ಏದುಸಿರು ಬಿಟ್ಟ. "ಬೀರೂನ ಬಿಚ್ಚಿ ಮೇಲೆ ಸಾಗಿಸಬೇಕಾಯ್ತು."

"ಅಪ್ಪನ್ನ ಬಿಚ್ಚೋಕಾಗಲ್ಲ ಮಾಮ."

ಹೊತ್ತವರಲ್ಲಿ ಯಾರೋ ನಕ್ಕು, ತಕ್ಷಣ ಕೆಮ್ಮಿದ ಹಾಗೆ ಮಾಡಿ ಮುಚ್ಚಿಕೊಂಡರು. ಪೆಟ್ಟಿಗೆ ಓರೆಯಾಯಿತು, ಗೋಡೆಯ ಸುಣ್ಣ ಸ್ವಲ್ಪ ಕೆರೆದುಕೊಂಡು ತಿರುವು ದಾಟಿತು.

ಕೆಳಗೆ ಬಾಗಿಲ ಬಳಿ, ಮೇಷ್ಟ್ರು ಕೊನೆಯುಸಿರೆಳೆದ ಆಸ್ಪತ್ರೆಯ ನರ್ಸ್ ಅಕ್ಕನ ಕೈ ಹಿಡಿದುಕೊಂಡು ನಿಂತಿದ್ದಳು. ಪಾಳಿ ಮುಗಿಸಿ ಸೀದಾ ಬಂದವಳು, ಸಮವಸ್ತ್ರದ ಮೇಲೊಂದು ಸ್ವೆಟರ್ ಹಾಕಿಕೊಂಡಿದ್ದಳು. ಪಾದ್ರಿಯನ್ನು ಕಂಡವಳೇ ಮಾತು ಅವನ ಕಡೆಗೂ ತಿರುಗಿಸಿದಳು.

"ಅದನ್ನೇ ಹೇಳ್ತಿದ್ದೆ ಫಾದರ್. ಮೊನ್ನೆ ಸಂಜೆ ಮೇಷ್ಟ್ರು ಹಾಸಿಗೆ ಇಳಿದು, ನಿಮ್ಮನ್ನ ಅಲ್ಲಿ ಕೂರಿಸಿ, ತಾವು ಹೋಗಿ ನಿಮ್ಮ ಕುರ್ಚೀಲಿ ಕೂತ್ರಲ್ಲ? ಬೈದ್ರೂ ಕೇಳಲಿಲ್ಲ. ಆಮೇಲೆ ದೇವರ ವಾಕ್ಯದ ಬಗ್ಗೆ ಎಷ್ಟು ಚೆನ್ನಾಗಿ ಮಾತಾಡಿದ್ರು! ವಾರ್ಡಿನವರೆಲ್ಲ ಕಿವಿ ಕೊಟ್ಟು ಕೇಳ್ತಿದ್ರು. ಇಂಥ ನಂಬಿಕೆ ಇರೋರು ನೆಮ್ಮದಿಯಾಗಿ ಹೋಗ್ತಾರೆ ಅಂದ್ಕೊಂಡೆ."

ಪಕ್ಕದಲ್ಲಿದ್ದ ಚರ್ಚಿನ ಸಭೆಯ ಹಿರಿಯರ ಮುಖ ಅರಳಿತು. ಅವರದು ಕನ್ನಡಕದ ಅಂಗಡಿ. ಮೇಷ್ಟ್ರಿಗೆ ಕನ್ನಡಕ ಮಾಡಿಕೊಟ್ಟಾಗಲೆಲ್ಲ "ಕಣ್ಣು ಸರಿಹೋಯ್ತು, ಇನ್ನು ಒಳಗಣ್ಣು ತೆರೀಬೇಕು" ಎಂದು ಹೇಳದೆ ಬಿಟ್ಟವರಲ್ಲ. "ಎಂಥ ಒಳ್ಳೆ ಸಾಕ್ಷಿ! ಇದನ್ನ ಸಭೆ ಮುಂದೆ ಹೇಳಲೇಬೇಕು ಪಾದ್ರಿಗಳೇ," ಎಂದರು.

ಅಕ್ಕ ಪಾದ್ರಿಯ ತೋಳು ಹಿಡಿದಳು. "ಹೇಳು. ನಂಬಿ ಹೋದ್ರು ಅಂತ ಎಲ್ಲರ ಮುಂದೆ ಹೇಳು. ಇಷ್ಟು ವರ್ಷ ಚರ್ಚಿನ ಬೆಂಚಲ್ಲಿ ಒಬ್ಬಳೇ ಕೂತಿದ್ದೀನಿ. ಜನ ನನ್ನನ್ನ ಹೇಗೆ ನೋಡ್ತಿದ್ರು ಅಂತ ನಿನಗೆ ಗೊತ್ತು."

ಪಾದ್ರಿ ತಲೆಯಾಡಿಸಿದ, ಅದು ಹೂಂ ಎಂದೋ ಊಹೂಂ ಎಂದೋ ಅವನಿಗೇ ಗೊತ್ತಾಗಲಿಲ್ಲ.

ಗಾಡಿಗೆ ಪೆಟ್ಟಿಗೆ ಏರಿಸುವಾಗ ಮಗಳು ಅವನ ಪಕ್ಕಕ್ಕೆ ಬಂದು ದನಿ ತಗ್ಗಿಸಿದಳು. "ಕುರ್ಚಿ ಬದಲಾಯಿಸಿದ್ರು ಅಂತ ನರ್ಸೇ ಹೇಳಿದ್ರಲ್ಲ. ಅದರ ಅರ್ಥ ನನಗೂ ಗೊತ್ತು, ನಿಮಗೂ ಗೊತ್ತು. ಅಪ್ಪ ಬಾಯಿ ಮುಚ್ಚಿಕೊಂಡು ಮಲಗಿದ್ದಾರೆ ಅಂತ ಅವರ ಬಾಯಿಗೆ ನಿಮ್ಮ ಮಾತು ತುರುಕಬೇಡಿ ಮಾಮ."

*

ಕುರ್ಚಿಯ ನಿಯಮ ಮಾಡಿದವಳು ಅಕ್ಕನೇ.

ಮೊದಮೊದಲು ಭಾವ ಮತ್ತು ಪಾದ್ರಿ ಸೇರಿದರೆ ಹಾವು ಮುಂಗುಸಿ. ಸೋಮವಾರ ಪಾದ್ರಿಗೆ ಬಿಡುವು, ಸಂಜೆ ಅಕ್ಕನ ಮನೆಗೆ ಬರುತ್ತಿದ್ದ. ಬಾಗಿಲ ಬಳಿ ಚಪ್ಪಲಿ ಬಿಡುವಷ್ಟರಲ್ಲೇ ಶುರುವಾಗುತ್ತಿತ್ತು. ಬೈಬಲ್ ಬರೆದವರು ಯಾರು? ದೇವರು ಬರೆಸಿದ್ದಾದರೆ ಮೊದಲನೆಯ ಅಧ್ಯಾಯದಲ್ಲಿ ಪ್ರಾಣಿಗಳಾದ ಮೇಲೆ ಮನುಷ್ಯ, ಎರಡನೆಯದರಲ್ಲಿ ಮನುಷ್ಯನಾದ ಮೇಲೆ ಪ್ರಾಣಿ, ಇದೇನು? ಮೂಲ ಪ್ರತಿ ಎಲ್ಲಿದೆ? ಇರುವುದೆಲ್ಲ ನಕಲಿನ ನಕಲು ತಾನೆ? ಪಾದ್ರಿಯೂ ಸುಮ್ಮನಿರುತ್ತಿರಲಿಲ್ಲ. ನಿಮ್ಮ ವಿಜ್ಞಾನ ಹೋದ ವರ್ಷ ಹೇಳಿದ್ದನ್ನು ಈ ವರ್ಷ ನುಂಗಿಕೊಳ್ಳುವುದಿಲ್ಲವೇ, ಅದು ಎಲ್ಲ ಹೇಗಾಯಿತು ಎನ್ನುತ್ತದೆ, ಯಾಕಾಯಿತು ಎಂದು ಕೇಳಿದರೆ ಮುಖ ತಿರುಗಿಸುತ್ತದೆ ಎಂದು ಎಗರುತ್ತಿದ್ದ. ಒಂದು ಸಲ ಜಗಳ ಎಷ್ಟು ಏರಿತೆಂದರೆ ತೊಟ್ಟಿಲಲ್ಲಿದ್ದ ಮಗು ಬೆಚ್ಚಿ ಕಿರುಚಿತು. ಪಕ್ಕದ ಮನೆಯವರು ಗೋಡೆ ಬಡಿದರು.

ಅಕ್ಕ ಒಲೆ ಆರಿಸಿ ಬಂದು ಇಬ್ಬರ ನಡುವೆ ನಿಂತಳು.

"ನಿಮ್ಮಿಬ್ಬರಿಗೂ ಬಾಯಿದೆ, ಕಿವಿ ಇಲ್ಲ. ಏಳಿ. ಅವರ ಕುರ್ಚೀಲಿ ಇವನು, ಇವನ ಕುರ್ಚೀಲಿ ಅವರು. ಅವರು ಹೇಳೋದನ್ನ ಈಗ ನೀನು ಹೇಳು, ನೀನು ಹೇಳೋದನ್ನ ಅವರು ಹೇಳಲಿ. ಆಗಲಿಲ್ಲ ಅಂದ್ರೆ ಇವತ್ತು ಚಹಾ ಇಲ್ಲ."

ಭಾವನದು ಕಿಟಕಿಯ ಬಳಿಯ ಬೆತ್ತದ ಕುರ್ಚಿ. ಪಾದ್ರಿಗೆ ಮೀಸಲಾದದ್ದು ಗೋಡೆಯ ಕಡೆಯ ಮರದ ಕುರ್ಚಿ. ಅಂದಿನಿಂದ ಒಂದು ಸೋಮವಾರ ತಮ್ಮ ತಮ್ಮ ಪಕ್ಷ, ಮುಂದಿನ ಸೋಮವಾರ ಎದುರು ಕುರ್ಚಿ, ಎದುರು ಪಕ್ಷ. ಚಹಾ ಬಂತು ಎಂದರೆ ವಾದ ಮುಗಿಯಿತು. ಇಬ್ಬರೂ ಎದ್ದು ತಮ್ಮ ತಮ್ಮ ಕುರ್ಚಿಗೆ ಬಂದು ಕೂತರೆ ಮಾತ್ರ ಅಕ್ಕ ಕಪ್ಪು ಕೈಗೆ ಕೊಡುತ್ತಿದ್ದಳು. ಇನ್ನೊಂದು ನಿಯಮವನ್ನು ಗಂಡಸರೇ ಸೇರಿಸಿಕೊಂಡರು: ಎದುರು ಕುರ್ಚಿಯಲ್ಲಿ ಆಡಿದ ಮಾತು ಆ ಕೋಣೆಯಿಂದ ಹೊರಗೆ ಹೋಗಬಾರದು, ಅದು ಆಡಿದವನದು ಎಂದು ಯಾರೂ ಹೇಳಬಾರದು.

ಈ ನಿಯಮದಿಂದ ಹೆಚ್ಚು ಲಾಭವಾದದ್ದು ಪಾದ್ರಿಗೇ. ಬೆತ್ತದ ಕುರ್ಚಿಯಲ್ಲಿ ಕೂತರೆ ಅವನ ಮಾತು ಬೆಣ್ಣೆಯ ಹಾಗೆ ಜಾರುತ್ತಿತ್ತು. ಚರ್ಚಿನ ಉಪದೇಶಕ್ಕೆಂದು ವಾರವಿಡೀ ಹುಡುಕಿದರೂ ಸಿಗದ ಮಾತು ಅಲ್ಲಿ ತಾನಾಗಿ ಬರುತ್ತಿತ್ತು. ಎಷ್ಟೋ ರೋಗಿಗಳ ಹಾಸಿಗೆಯ ಪಕ್ಕದಲ್ಲಿ ಪ್ರಾರ್ಥಿಸಿದ್ದೇನೆ, ಎಷ್ಟೋ ಜನ ಏಳಲಿಲ್ಲ, ಕೇಳಿಸಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಅವನು ಒಂದು ಸಂಜೆ ಅಲ್ಲೇ ಕೂತು ಕೇಳಿದ್ದ. ಭಾವ ಅವನ ಮುಖ ನೋಡಿ, "ಇವತ್ತು ನೀನು ನನ್ನ ಪಕ್ಷಾನ ನನಗಿಂತ ಚೆನ್ನಾಗಿ ಆಡಿದೆ ಮಾರಾಯ," ಎಂದಿದ್ದರು, ಅಷ್ಟೇ. ಅದನ್ನು ಅವರು ಎಲ್ಲಾದರೂ ಬಾಯಿ ಬಿಟ್ಟಿದ್ದರೆ ಪಾದ್ರಿಯ ಕೆಲಸ ಹೋಗುತ್ತಿತ್ತು. ಅವರು ಕನ್ನಡಕದ ಅಂಗಡಿಯವರ ಬಳಿಯಾಗಲಿ, ಹೆಂಡತಿಯ ಬಳಿಯಾಗಲಿ ತುಟಿ ಪಿಟಕ್ಕೆನ್ನಲಿಲ್ಲ.

*

ಮೊನ್ನೆ ಪಾದ್ರಿ ಆಸ್ಪತ್ರೆಗೆ ಹೋದಾಗ ಅಕ್ಕ ಚಹಾ ತರಲು ಮನೆಗೆ ಹೋಗಿದ್ದಳು. ಭಾವ ದಿಂಬಿಗೆ ಒರಗಿದ್ದರು. ಮೂಗಿನ ನಳಿಕೆ ಕಿತ್ತು ಪಕ್ಕಕ್ಕಿಟ್ಟಿದ್ದರು.

"ಇವತ್ತು ಎದುರು ಪಕ್ಷದ ಸೋಮವಾರ," ಎಂದರು.

"ಇವತ್ತು ಬೇಡ ಭಾವ. ಮಲಗಿ."

"ಯಾಕೆ, ಸೋಲ್ತೀನಿ ಅಂತ ಭಯಾನಾ? ಏಳು, ನನ್ನ ಜಾಗಕ್ಕೆ ಬಾ."

ನರ್ಸ್ ಬಂದು ಬೈದಳು. ಭಾವ ಅವಳಿಗೂ ಕಣ್ಣು ಮಿಟುಕಿಸಿ, ಪಾದ್ರಿಯ ಹೆಗಲು ಹಿಡಿದು ಇಳಿದು, ಕುರ್ಚಿಯಲ್ಲಿ ಕೂತು ದಮ್ಮು ತೆಗೆದುಕೊಂಡರು. ಪಾದ್ರಿ ಹಾಸಿಗೆಯ ಅಂಚಿನಲ್ಲಿ ಕೂತು, ಬೇರೆ ದಾರಿಯಿಲ್ಲದೆ, ಹಳೆಯ ಬಾಣವನ್ನೇ ತೆಗೆದ. ಪ್ರಭು ಸಮಾಧಿಯಿಂದ ಎದ್ದ ಕಥೆಯನ್ನು ಬೈಬಲಿನಲ್ಲಿ ನಾಲ್ಕು ಜನ ನಾಲ್ಕು ಥರ ಬರೆದಿದ್ದಾರೆ. ಸಮಾಧಿಗೆ ಹೋದ ಹೆಂಗಸರು ಎಷ್ಟು ಜನ ಎನ್ನುವುದೂ ಒಂದೊಂದು ಕಡೆ ಒಂದೊಂದು. ನಂಬುವುದು ಹೇಗೆ?

"ಅದಕ್ಕೇ ನಂಬ್ತೀನಿ," ಎಂದರು ಭಾವ. "ನಾನು ಜನ್ಮವಿಡೀ ಪ್ರಯೋಗದ ಪುಸ್ತಕ ತಿದ್ದಿದವನು. ಕ್ಲಾಸಿನಲ್ಲಿ ಎಲ್ಲರ ಅಳತೆನೂ ಒಂದೇ ಬಂದ್ರೆ ಕಾಪಿ ಹೊಡೆದಿದ್ದಾರೆ ಅಂತ ಅರ್ಥ. ಒಬ್ಬನದು ಸ್ವಲ್ಪ ಜಾಸ್ತಿ, ಒಬ್ಬನದು ಸ್ವಲ್ಪ ಕಮ್ಮಿ, ಇನ್ನೊಬ್ಬ ಮಸಿ ಚೆಲ್ಲಿಕೊಂಡಿದ್ದಾನೆ, ಆದ್ರೂ ಎಲ್ಲರ ಗೆರೇನೂ ಒಂದೇ ಕಡೆ ತಿರುಗುತ್ತೆ ಅಂದ್ರೆ, ಆ ಹುಡುಗರು ನಿಜವಾಗ್ಲೂ ಏನೋ ನೋಡಿದ್ದಾರೆ."

"ನೋಡಿದ್ದನ್ನ ತಪ್ಪು ತಿಳ್ಕೊಂಡಿದ್ರೆ?"

"ತಿಳ್ಕೊಳ್ಳೋದು ತಪ್ಪಿರಬಹುದು. ನೋಡಿದ್ದು ಸುಳ್ಳಲ್ಲ."

ಇಷ್ಟು ವರ್ಷದ ಉಪದೇಶದಲ್ಲಿ ತನಗೆ ಇದು ಹೊಳೆದಿರಲಿಲ್ಲವಲ್ಲ ಎಂದು ಪಾದ್ರಿಗೆ ಹೊಟ್ಟೆಕಿಚ್ಚಾಯಿತು. ಬಿಡುವಿನ ದಿನವಾದರೂ ಒಬ್ಬರ ಮನೆಯ ಪ್ರಾರ್ಥನೆಗೆ ಒಪ್ಪಿಕೊಂಡಿದ್ದ, ಹೊತ್ತಾಗಿತ್ತು. ಚಹಾಕ್ಕೆ ಕಾಯದೆ ಎದ್ದು ಹೊರಟ. ಪ್ರಾರ್ಥನೆ ಮುಗಿಯುವ ಮೊದಲೇ ಫೋನ್ ಬಂತು.

*

ಚರ್ಚು ತುಂಬಿತ್ತು. ಹಳೆಯ ವಿದ್ಯಾರ್ಥಿಗಳು ಗೋಡೆಗೆ ಒರಗಿ ನಿಂತಿದ್ದರು. ಅಕ್ಕ ಮುಂದಿನ ಬೆಂಚಿನಲ್ಲಿ ನೆಟ್ಟಗೆ ಕೂತಿದ್ದಳು. ಜೀವಮಾನದಲ್ಲಿ ಮೊದಲ ಸಲ ಅವಳ ಗಂಡ ಚರ್ಚಿನಲ್ಲಿ ಅವಳ ಹತ್ತಿರ ಇದ್ದರು.

ಪಾದ್ರಿ ಬೈಬಲಿನ ಪಾಠ ಓದಿದ, ಹಾಡು ಮುಗಿಯಿತು. ಪೀಠದ ಅಂಚು ಹಿಡಿದುಕೊಂಡ. ನಂಬಿ ಹೋದರು ಎಂಬ ಎರಡು ಪದ ಹೇಳಿದರೆ ಅಕ್ಕನ ಒಂಟಿತನ ಇವತ್ತಿಗೆ ಮುಗಿಯುತ್ತಿತ್ತು. ನಿಯಮ ಮಾಡಿದವಳೇ ದುಃಖದಲ್ಲಿ ನಿಯಮ ಮರೆತಿದ್ದಾಳೆ, ನೆನಪಿಸಿ ಏನು ಪುಣ್ಯ ಕಟ್ಟಿಕೊಳ್ಳಬೇಕು? ಆದರೆ ಬೆತ್ತದ ಕುರ್ಚಿಯ ಆ ಸಂಜೆ ಅಡ್ಡ ಬಂತು. ತನ್ನ ಮಾತನ್ನು ಅಷ್ಟು ಜೋಪಾನ ಮಾಡಿದವರ ಮಾತನ್ನು ತಾನು ಸಂತೆಗೆ ಹಾಕುವುದು ಅವನಿಂದ ಆಗಲಿಲ್ಲ.

"ನನ್ನ ಭಾವ ನಂಬಿರಲಿಲ್ಲ," ಎಂದ. "ಆಸ್ಪತ್ರೇಲಿ ಅವರು ದೇವರ ಪರ ಮಾತಾಡಿದ್ದು ನಿಜ. ಆದರೆ ಅದು ನನ್ನ ಪಕ್ಷ, ಅವರು ನನಗೋಸ್ಕರ ಆಡಿದ್ದು. ನಾವಿಬ್ಬರೂ ಹಾಗೆ ಆಡ್ತಿದ್ವಿ. ಅದನ್ನ ಅವರ ಲೆಕ್ಕಕ್ಕೆ ಬರೆಯೋದು ಕಳ್ಳತನ. ಮಕ್ಕಳ ಮುಂದೆ ನಿಂತು 'ಇದು ನನಗೆ ಗೊತ್ತಿಲ್ಲ' ಅಂತ ನಾಚಿಕೆ ಇಲ್ಲದೆ ಹೇಳ್ತಿದ್ದ ಮೇಷ್ಟ್ರು ಅವರು. ಸತ್ತ ಮೇಲೆ ಎಲ್ಲಿಗೆ ಹೋಗ್ತೀವಿ ಅಂತ ಕೇಳಿದ್ರೂ ಅದನ್ನೇ ಹೇಳ್ತಿದ್ರು. ಅವರನ್ನ ಹಾಗೇ ಕಳಿಸಿಕೊಡೋಣ."

ಗೋಡೆಯ ಬಳಿಯ ವಿದ್ಯಾರ್ಥಿಗಳಲ್ಲಿ ಒಬ್ಬ ಜೋರಾಗಿ ಅತ್ತುಬಿಟ್ಟ. ಮಗಳು ಕಣ್ಣೊರೆಸಿಕೊಂಡು ಪಾದ್ರಿಯತ್ತ ತಲೆ ಬಾಗಿಸಿದಳು. ಕನ್ನಡಕದ ಅಂಗಡಿಯವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಅಕ್ಕನ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಸಮಾಧಿಯ ಬಳಿ ಎಲ್ಲರೂ ಹಿಡಿ ಮಣ್ಣು ಹಾಕುವಾಗ ಪಾದ್ರಿ ಅವಳ ಕೈ ಹಿಡಿಯಲು ಹೋದ. ಅವಳು ಮಗಳ ತೋಳು ಹಿಡಿದು ಮುಂದೆ ನಡೆದಳು.

"ಭಾನುವಾರ ಸಭೆ ಆದ ಮೇಲೆ ಸ್ವಲ್ಪ ಮಾತಾಡೋದಿದೆ ಪಾದ್ರಿಗಳೇ," ಎಂದು ಹಿರಿಯರು ಗೇಟಿನ ಬಳಿ ಹೇಳಿ ಹೋದರು.

*

ಸಂಜೆ ಜನ ಕರಗಿದ ಮೇಲೆ ಪಾದ್ರಿ ಆ ಕೋಣೆಗೆ ಹೋದ. ಮರದ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಬೆತ್ತದ ಕುರ್ಚಿಯಲ್ಲಿ ಕೂತ. ಭಾವನ ಬೆನ್ನಿನ ಅಚ್ಚಿಗೆ ಅದು ತಗ್ಗುಬಿದ್ದಿತ್ತು.

ಅಕ್ಕ ಬಾಗಿಲಲ್ಲಿ ಬಂದು ನಿಂತಳು, ಹಿಂದೆಯೇ ಮಗಳು.

"ಕ್ಷಮಿಸು ಅಕ್ಕ. ನೀನೇ ಮಾಡಿದ ನಿಯಮ. ನೀನು ಮರೆತಿದ್ದೆ..."

"ನಾನಾ? ಮರೆತಿದ್ದು?" ಅಕ್ಕನ ದನಿಯಲ್ಲಿ ಬೆಳಗಿನಿಂದ ಇಲ್ಲದ ಬಿಸಿ ಇತ್ತು. "ನೀನು ಅರ್ಧ ವಾದ ಮಾಡಿ ಎದ್ದು ಹೋದೆ. ನಾನು ಫ್ಲಾಸ್ಕ್ ಹಿಡ್ಕೊಂಡು ಬಂದಾಗ ಅವರು ನಿನ್ನ ಕುರ್ಚೀಲೇ ಇದ್ರು. 'ಚಹಾ ಬಂತು, ಏಳಿ, ನಿಮ್ಮ ಜಾಗಕ್ಕೆ ಬನ್ನಿ' ಅಂದೆ. 'ಇರಲಿ ಬಿಡೆ, ಇಲ್ಲೇ ಕೂತಿರ್ತೀನಿ' ಅಂದ್ರು. ಚಹಾ ಅಲ್ಲೇ ಕುಡಿದ್ರು. ಕೊನೆಗೆ ಆಯಾ ಬಂದು ಎತ್ತಿ ಮಲಗಿಸಬೇಕಾಯ್ತು."

"ಅಮ್ಮ, ಸುಸ್ತಾಗಿತ್ತು ಅಪ್ಪಂಗೆ," ಎಂದಳು ಮಗಳು ಮೆಲ್ಲಗೆ.

"ಇರಬಹುದು. ನನ್ನ ಹತ್ರ ಪುರಾವೆ ಇಲ್ಲ. ಆದ್ರೆ ಇಷ್ಟು ವರ್ಷದಲ್ಲಿ ಒಂದು ಸೋಮವಾರವೂ ಅವರು ಎದುರು ಕುರ್ಚೀಲಿ ಕೂತು ಚಹಾ ಕುಡಿದೋರಲ್ಲ."

"ಬೆಳಿಗ್ಗೆ ಯಾಕೆ ಹೇಳಲಿಲ್ಲ ಅಕ್ಕ?"

"ನೀನೆಲ್ಲಿ ಕೇಳಿದೆ?"

ಅವಳು ಅಡುಗೆಮನೆಗೆ ಹೋದಳು. ಪಾತ್ರೆ ಇಟ್ಟ ಸದ್ದು, ನೀರು ಸುರಿದ ಸದ್ದು ಕೇಳಿಸಿತು. ಪಾದ್ರಿ ಎದುರಿನ ಖಾಲಿ ಕುರ್ಚಿಯನ್ನೇ ನೋಡುತ್ತ ಕೂತ. ಹೇಳಬೇಕಾದದ್ದು ಬಹಳ ಇತ್ತು, ಎದುರಾಡಲು ಯಾರೂ ಇರಲಿಲ್ಲ.

ಅಕ್ಕ ಕಪ್ಪು ತಂದು, ಅವನ ಕೈಗೆ ಕೊಡದೆ, ಮರದ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

"ಚಹಾ ಬಂತು," ಎಂದಳು.

"ಹೂಂ," ಎಂದ ಪಾದ್ರಿ.

ಅವಳು ಕಾದಳು. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸುತ್ತ ಹೋದರು. ಮಗಳು ದೀಪ ಹಾಕಿದಳು. ಸ್ಟೂಲಿನ ಮೇಲಿನ ಕಪ್ಪಿನಿಂದ ಏಳುತ್ತಿದ್ದ ಹಬೆ ತೆಳ್ಳಗಾಯಿತು, ನಿಂತಿತು. ಪಾದ್ರಿ ಬೆತ್ತದ ಕುರ್ಚಿಯಲ್ಲೇ ಇದ್ದ. ಎದುರು, ಮರದ ಕುರ್ಚಿಯ ಪಕ್ಕದಲ್ಲಿ, ಚಹಾ ಕೆನೆಗಟ್ಟಿತು.